ಆತು ಎಂಬ ಗುಂಡಿ

ಸಂಶೋಧನೆ ಮಾಡುವವನಿಗೆ ಬರುವ ಕಷ್ಟಗಳಲ್ಲಿ ಸಂಶೋಧನೆ ಎರಡನೆಯದು. ಮೊದಲನೆಯದು, ಏನು ಸಂಶೋಧನೆ ಎಂದು ಕೇಳಿದವರಿಗೆ ಉತ್ತರ ಹೇಳುವುದು. ನಮ್ಮ ಹಗರಿಬೊಮ್ಮನಹಳ್ಳಿಯ ಕಡೆ ಸಂಶೋಧನೆ ಅಂದರೆ ಕಲ್ಲು. ಶಾಸನದ ಕಲ್ಲು, ವೀರಗಲ್ಲು, ಹೊಲದ ಬದುವಿನಲ್ಲಿ ಬೋರಲು ಬಿದ್ದ ನಂದಿ. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತ ಪಿಎಚ್‌ಡಿಗೆ ಹೆಸರು ಹಚ್ಚಿದ ಸುದ್ದಿ ಹೊರಬಿದ್ದದ್ದೇ ತಡ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ, "ನೀಲಗುಂದದ ಗುಡಿ ನೋಡೀರೇನ್ರಿ?" ಎಂದು ಕೇಳತೊಡಗಿದರು. ಮಾಗಳದ ಹಿರಿಯರೊಬ್ಬರು ನಮ್ಮ ಮನೆಗೇ ಬಂದು, ತಮ್ಮ ಹಿತ್ತಲಲ್ಲಿ ಅಕ್ಷರ ಇರುವ ಕಲ್ಲೊಂದಿದೆ, ಸದ್ಯಕ್ಕೆ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದೇವೆ, ಬಂದು ಓದಿ ಹೇಳಬೇಕು ಎಂದು ಕರೆದರು. ನನ್ನದು ಕಲ್ಲಿನ ಸಂಶೋಧನೆಯಲ್ಲ, ವ್ಯವಹಾರದ ಕೆಲಸಗಳು ಹೇಗೆ ಸಾಗುತ್ತವೆ ಎಂಬುದನ್ನು ಚೌಕ ಮತ್ತು ಬಾಣಗಳಲ್ಲಿ ಬರೆದು, ಆ ಕೆಲಸವನ್ನು ನೋಡಿಕೊಳ್ಳುವ ತಂತ್ರಾಂಶದ ಸೇವೆಯನ್ನು ಸುಧಾರಿಸುವುದು ಎಂದೆ. ಅವರು "ಅಂದ್ರ ಕಲ್ಲು ಓದಾಕ ಬರಂಗಿಲ್ಲ ನಿಮಗ" ಎಂದು ಚಹಾ ಕುಡಿದು ಹೊರಟುಹೋದರು.

ಅವರ ಮಾತಿನಲ್ಲಿ ತಪ್ಪೇನಿಲ್ಲ. ಆದರೂ ನನ್ನ ವಿಷಯ ಅಷ್ಟೇನೂ ಕಬ್ಬಿಣದ ಕಡಲೆಯಲ್ಲ. ಒಂದು ಕೆಲಸ ಒಂದು ಚೌಕ. ಅದಾದ ಮೇಲೆ ಯಾವುದು ಎಂಬುದಕ್ಕೆ ಬಾಣ. ಯಾರ ಕೆಲಸ ಯಾವುದು ಎಂದು ತಿಳಿಯಲು ಹಾಳೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಓಣಿ. ಇಷ್ಟೇ. ಕೈ ಕುದುರಲಿ ಎಂದು ನಾನು ಮೊದಲು ನಮ್ಮ ಮನೆಯ ಬೆಳಗಿನ ನಾಷ್ಟಾದ ಚಿತ್ರವನ್ನೇ ಬರೆದೆ. ನನ್ನ ಹೆಂಡತಿ ಗಿರಿಜಾಳ ಓಣಿ ಸಂತೆಯ ದಿನದ ಓಣಿಯ ಹಾಗೆ ಕಿಕ್ಕಿರಿದು ಹೋಯಿತು: ಮಂಡಕ್ಕಿ ನೆನೆಸುವುದು, ಹಿಂಡುವುದು, ಉಳ್ಳಾಗಡ್ಡಿ ಹೆಚ್ಚುವುದು, ಒಗ್ಗರಣೆ ಹಾಕುವುದು. ನನ್ನ ಓಣಿಯಲ್ಲಿ ಒಂದೇ ಚೌಕವಿತ್ತು, ಅದರಲ್ಲಿ 'ತಿನ್ನುವುದು' ಎಂದಿತ್ತು. ಗಿರಿಜಾ ಹರಪನಹಳ್ಳಿಯವಳು, ಮಾತು ಸ್ವಲ್ಪ ದಾವಣಗೆರೆ ಕಡೆಗೆ ವಾಲುತ್ತದೆ, ಏಟು ಮಾತ್ರ ನೆಟ್ಟಗೆ ಬೀಳುತ್ತದೆ. ಚಿತ್ರವನ್ನು ನೋಡಿ, "ಇದನ್ನ ಕಂಡುಹಿಡಿಯಾಕ ಯುನಿವರ್ಸಿಟಿ ಬೇಕಾತಾ?" ಎಂದಳು. ಆ ಹಾಳೆ ಮುಂದೆ ಉಪ್ಪಿನಕಾಯಿ ಭರಣಿಯ ಕೆಳಗೆ ಬಹಳ ದಿನ ಸೇವೆ ಸಲ್ಲಿಸಿತು.

ಮನೆಯ ನಾಷ್ಟಾದಿಂದ ಪಿಎಚ್‌ಡಿ ಹುಟ್ಟುವುದಿಲ್ಲವಾದ್ದರಿಂದ ಹೊರಗೊಂದು ನಿಜವಾದ ವ್ಯವಹಾರ ಬೇಕಾಗಿತ್ತು. ನನ್ನ ನೋಂದಣಿಯ ಅವಧಿ ಬೇರೆ ಮುಗಿಯುತ್ತ ಬಂದಿತ್ತು. ಯಾವುದಾದರೂ ಸೆಮಿನಾರಿನಲ್ಲಿ ಒಂದು ಲೇಖನ ಓದದೆ ಥೀಸಿಸ್ ಕೊಡುವ ಹಾಗಿರಲಿಲ್ಲ, ಥೀಸಿಸ್ ಕೊಡದಿದ್ದರೆ ಅಷ್ಟು ವರ್ಷ ಬರೆದ ಚೌಕಗಳೆಲ್ಲ ಉಪ್ಪಿನಕಾಯಿ ಭರಣಿಯ ಪಾಲು. ಮೈಸೂರು ಕಡೆಯವರಾದ ನಮ್ಮ ಗೈಡು ಫೋನಿನಲ್ಲಿ ಇದನ್ನೇ ಮೂರು ಬಗೆಯಲ್ಲಿ ಹೇಳಿದ್ದರು. ಆಗ ನನಗೆ ಹೊಳೆದದ್ದು ರೈಲ್ವೆ ಸ್ಟೇಷನ್ ದಾರಿಯಲ್ಲಿದ್ದ ಕೊಟ್ರೇಶಣ್ಣನ ಮೋಟರ್ ವೈಂಡಿಂಗ್ ಅಂಗಡಿ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಎಲ್ಲ ಕಡೆಯಿಂದಲೂ ಸುಟ್ಟ ಪಂಪ್‌ಸೆಟ್ ಮೋಟರುಗಳು ಅಲ್ಲಿಗೆ ಬರುತ್ತಿದ್ದವು. ವೋಲ್ಟೇಜು ಇಳಿದಾಗಲೆಲ್ಲ ಕೊಟ್ರೇಶಣ್ಣನ ವ್ಯಾಪಾರ ಏರುತ್ತಿತ್ತು. ಮೋಟರ್ ಬರುತ್ತದೆ, ಬಿಚ್ಚುತ್ತಾರೆ, ತಂತಿ ಸುತ್ತುತ್ತಾರೆ, ಹೋಗುತ್ತದೆ. ಸಂಶೋಧನೆಗೆ ಹೇಳಿ ಮಾಡಿಸಿದ ಅಂಗಡಿ.

ನನ್ನ ಹಳೆಯ ಕಂಪ್ಯೂಟರನ್ನು ಅಂಗಡಿಯ ಮೂಲೆಯಲ್ಲಿಟ್ಟು, ನಾನೇ ಬರೆದ ಪುಟ್ಟ ತಂತ್ರಾಂಶವನ್ನು ಅದರಲ್ಲಿ ಹಾಕಿದೆ. ಪರದೆಯ ಮೇಲೆ ಪ್ರತಿ ಮೋಟರಿಗೂ ಮೂರು ಗುಂಡಿ. ನಾನು ಓದಿದ ಪುಸ್ತಕಗಳಲ್ಲೆಲ್ಲ ಒಂದು ಬುದ್ಧಿಮಾತಿತ್ತು: ಬಳಸುವವರ ಭಾಷೆಯಲ್ಲೇ ತಂತ್ರಾಂಶ ಮಾತಾಡಬೇಕು. ಅದನ್ನು ಚಾಚೂ ತಪ್ಪದೆ ಪಾಲಿಸಿ, ಗುಂಡಿಗಳ ಮೇಲೆ ಗ್ರಾಂಥಿಕ ಕನ್ನಡ ಬಿಟ್ಟು ಊರಿನ ಮಾತನ್ನೇ ಬರೆದೆ: 'ಬಂತು', 'ನಡದೈತಿ', 'ಆತು'. ಇದನ್ನು ಮಾಡಿದ ದಿನ ನನಗೆ ನನ್ನ ಮೇಲೆ ಬಹಳ ಗೌರವ ಹುಟ್ಟಿತು. ಕೊಟ್ರೇಶಣ್ಣನೂ ಗುಂಡಿ ಒತ್ತಿ ನೋಡಿ, "ಬೇಷ್ ಐತ್ರಿ ಸರ, ನಮ್ಮಂಗ ಮಾತಾಡ್ತತಿ" ಎಂದ.

ವಾರಕ್ಕೊಮ್ಮೆ ಹೋಗಿ ಮಾಹಿತಿಯನ್ನು ಫ್ಲಾಪಿಯಲ್ಲಿ ತುಂಬಿಕೊಂಡು ಬರುತ್ತಿದ್ದೆ. ಅಂಗಡಿಗೆ ಕಾಲಿಟ್ಟರೂ ನನ್ನ ಕಣ್ಣು ಪರದೆಯಿಂದ ಆಚೆಗೆ ಹೋಗುತ್ತಿರಲಿಲ್ಲ, ಸಂಶೋಧಕರ ಕಣ್ಣು ಹಾಗೆಯೇ. ಮನೆಗೆ ಬಂದು ಲೆಕ್ಕ ಹಾಕಿದರೆ ಬೆರಗಾಗುವಂಥ ಸಂಗತಿ ಹೊರಬಿತ್ತು. ಕೊಟ್ರೇಶಣ್ಣನ ಅಂಗಡಿಯಲ್ಲಿ 'ಬಂತು' ಮತ್ತು 'ಆತು' ಇವೆರಡರ ನಡುವೆ ಒಂದು ಬೀಡಿ ಸೇದುವಷ್ಟೂ ಅಂತರವಿರಲಿಲ್ಲ. 'ನಡದೈತಿ' ಎಂಬ ಗುಂಡಿಯ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ. ಬಂದ ಮೋಟರು ಬಂದ ಕಾಲಲ್ಲೇ ರಿಪೇರಿ. ನಾನು ಒಂದು ಕ್ಷಣವೂ ಅನುಮಾನ ಪಡದೆ, ಈ ವೇಗಕ್ಕೆ ಕಾರಣಗಳೇನು ಎಂದು ನಾಲ್ಕು ಪುಟ ಬರೆದೆ. ಮಾಲೀಕನೂ ಕೆಲಸಗಾರನೂ ಒಬ್ಬನೇ ಆಗಿರುವುದು, ಮೇಲಧಿಕಾರಿಯ ಅನುಮತಿಗೆ ಕಾಯಬೇಕಿಲ್ಲದಿರುವುದು, ಗ್ರಾಹಕರೊಂದಿಗಿನ ನೇರ ಸಂಬಂಧ, ಹೀಗೆ. ಗೈಡು ಓದಿ ತಾವಾಗಿಯೇ ಕಾಲೇಜಿಗೆ ಫೋನ್ ಮಾಡಿದರು. "ಏನ್ರೀ ಇದು, ಇಂಥ ಅಂಗಡಿ ಬೆಂಗಳೂರಲ್ಲೂ ಇಲ್ವಲ್ರೀ! ಮುಂದಿನ ತಿಂಗಳ ಸೆಮಿನಾರಲ್ಲಿ ಇದನ್ನೇ ಓದಿಬಿಡಿ" ಎಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು, ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು.

ಅದೇ ವಾರ ನಮ್ಮ ಮನೆಯ ಮೋಟರ್ ಸುಟ್ಟಿತು. ನಮ್ಮ ಹಿತ್ತಲಿನಲ್ಲಿ ನಳದ ಗುಂಡಿಯಿದೆ. ನೀರು ಆ ಗುಂಡಿಗಷ್ಟೇ ಬರುತ್ತದೆ, ಮೇಲಿನ ಟ್ಯಾಂಕಿಗೆ ಮೋಟರೇ ಏರಿಸಬೇಕು. ಮೋಟರ್ ಇಲ್ಲವೆಂದರೆ ಕೊಡವೇ ಗತಿ. ನಾನು ಸುಟ್ಟ ಮೋಟರನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ, ಬೇಸ್ತವಾರದೊಳಗೆ ಬೇಕು ಎಂದು ಹೇಳಿ ಕೊಟ್ರೇಶಣ್ಣನಿಗೆ ಒಪ್ಪಿಸಿ, ನೆಟ್ಟಗೆ ಕಾಲೇಜಿಗೆ ಹೋದೆ. ಮರುದಿನ ಫ್ಲಾಪಿ ತುಂಬಿಕೊಂಡು ಮನೆಗೆ ಬಂದು ತೆರೆದರೆ ನನ್ನ ಹೆಸರಿನ ಮುಂದೆಯೂ 'ಆತು' ಎಂದಿದೆ. ನನ್ನ ಸಿದ್ಧಾಂತಕ್ಕೆ ನನ್ನ ಮನೆಯದೇ ಸಾಕ್ಷಿ! ಗಿರಿಜಾಳನ್ನು ಕೂಗಿ, "ಮೋಟರ್ ಆತಂತೆ ನೋಡು" ಎಂದೆ. ಅವಳು ಸೊಂಟದ ಮೇಲೆ ಕೊಡ ಇಟ್ಟುಕೊಂಡೇ ನಿಂತು, "ಆದ್ರ ತರ್ರಿ ಮತ್ತ. ಕಂಪ್ಯೂಟರ್‌ನ್ಯಾಗ ಆದ್ರ ಟ್ಯಾಂಕಿಗೆ ನೀರು ಏರ್ತಾವೇನು?" ಎಂದಳು.

ಹೋದೆ. ಕೊಟ್ರೇಶಣ್ಣ ಸ್ಟೂಲಿನ ಮೇಲೆ ಕೂತು ಯಾರದೋ ಮೋಟರಿನ ಹೊಟ್ಟೆ ಬಗೆಯುತ್ತಿದ್ದ. ಅಂಗಡಿಯ ತುಂಬ ಮೋಟರುಗಳು. ನಮ್ಮದು ಬಾಗಿಲ ಹತ್ತಿರ, ನಾನು ಇಟ್ಟ ಜಾಗದಲ್ಲೇ, ನಾನು ಕಟ್ಟಿದ ಹಗ್ಗ ಸಮೇತ ಕೂತಿತ್ತು.

"ಇದು ಆತು ಅಂತ ಐತಲ್ಲೋ ಕೊಟ್ರೇಶಣ್ಣ?"

"ಆತಲ್ರಿ ಮತ್ತ. ಬೇಸ್ತವಾರ ಬೇಕು ಅಂದ್ರಿ, ನಾ ಆತು ಅಂದೆ. ಅಂದಿಲ್ಲೇನ್ರಿ?"

"ಅಂದಿ. ಆದ್ರ ಕೆಲಸ ಆಗಿಲ್ಲಲ್ಲ."

"ಕೆಲಸ ಹೆಂಗಾಗತೈತ್ರಿ ಸರ, ತಂತಿ ಇನ್ನಾ ಹೊಸಪ್ಯಾಟಿಯಿಂದ ಬಂದೇ ಇಲ್ಲ. ನೀವು ಆತು ಅಂತ ಬರದೀರಿ, ನಾನು ಆತು ಅಂದಾಗೆಲ್ಲ ಒತ್ತೀನಿ. ಒಂದೂ ಬಿಟ್ಟಿಲ್ಲ ನೋಡ್ರಿ ಬೇಕಾದ್ರ."

ಒಂದನ್ನೂ ಬಿಟ್ಟಿರಲಿಲ್ಲ, ಅದೇ ತೊಂದರೆ. ನಾನು ಅಲ್ಲೇ ಒಂದು ಸುಟ್ಟ ಮೋಟರಿನ ಮೇಲೆ ಕೂತೆ. ಹುಟ್ಟಿದಾಗಿನಿಂದ ಆಡುತ್ತ ಬಂದ ಮಾತಿನ ಅರ್ಥವನ್ನು ನಾನು ಆವತ್ತೇ ಮೊದಲ ಸಲ ವಿಚಾರಿಸಿದ್ದು. ಊಟ ಆತೇನ್ರಿ ಅಂದರೆ ಆತು. ಅದು ಆದದ್ದು. ನಾಳೆ ಬರ್ತೀರೇನ್ರಿ ಅಂದರೂ ಆತು. ಅದು ಇನ್ನೂ ಆಗಬೇಕಾದದ್ದು, ಆಗದೆಯೂ ಇರಬಹುದಾದದ್ದು. ಹೊರಡುವಾಗ ಆತು ಬರ್ತೀನಿ. ಜಗಳ ಸಾಕಾದಾಗ ಆತು ಬಿಡು. ಸುಮ್ಮನಿರಿಸಬೇಕಾದರೆ ಎರಡು ಸಲ, ಆತಾತು. ಸಾಲಗಾರನಿಂದ ಹಿಡಿದು ಬೀಗರವರೆಗೆ ಇಡೀ ತಾಲೂಕು ಈ ಒಂದು ಮಾತಿನ ಮೇಲೆ ನಡೆಯುತ್ತದೆ, ಯಾರಿಗೂ ಗೊಂದಲವಿಲ್ಲ. ಯಾವ ಆತು ಯಾವುದು ಎಂದು ಎಲ್ಲರಿಗೂ ತಿಳಿಯುತ್ತದೆ, ಅದರ ಮೇಲೆ ಸಂಶೋಧನೆ ಮಾಡುತ್ತಿದ್ದವನೊಬ್ಬನನ್ನು ಬಿಟ್ಟು.

ಸೆಮಿನಾರಿಗೆ ಇನ್ನೂ ಮೂರು ವಾರವಿತ್ತು. ಧೈರ್ಯ ತಂದುಕೊಂಡು ಆವತ್ತೇ ತಂತ್ರಾಂಶ ತಿದ್ದಿದೆ. 'ಆತು' ಕಿತ್ತುಹಾಕಿ 'ಮುಗೀತು' ಎಂದು ಬರೆದೆ. ಮುಗೀತು ಎಂಬುದಕ್ಕೆ ಒಂದೇ ಅರ್ಥ, ಅದರಲ್ಲಿ ನುಸುಳಲು ಸಂದಿಯೇ ಇಲ್ಲ ಎಂದುಕೊಂಡೆ. ಮಾಹಿತಿ ತುಂಬಲಿ ಎಂದು ಈ ಸಲ ಎರಡು ವಾರ ಬಿಟ್ಟು ಫ್ಲಾಪಿ ತಂದು ತೆರೆದರೆ, ಬಂದ ಮೋಟರುಗಳಲ್ಲಿ ಒಂದೂ ಮುಗಿದಿರಲಿಲ್ಲ. ಮೊದಲು ಕಣ್ಣು ಮಿಟುಕಿಸುವುದರಲ್ಲಿ ಕೆಲಸ ಪೂರೈಸುತ್ತಿದ್ದ ಅಂಗಡಿ ಈಗ ಜಗತ್ತಿನಲ್ಲೇ ಅತ್ಯಂತ ನಿಧಾನದ ಅಂಗಡಿಯಾಗಿತ್ತು. ಓಡಿದೆ. ನೋಡಿದರೆ ಅರ್ಧಕ್ಕರ್ಧ ಮೋಟರುಗಳು ರಿಪೇರಿಯಾಗಿ ತಮ್ಮ ತಮ್ಮ ಊರು ಸೇರಿದ್ದವು. ನಮ್ಮದೂ ಸಿದ್ಧವಾಗಿ, ಹೊಸ ಬಣ್ಣ ಬಳಿಸಿಕೊಂಡು ಗೋಡೆಗೆ ಒರಗಿತ್ತು.

"ಗುಂಡಿ ಯಾಕೋ ಒತ್ತಿಲ್ಲ?" ಎಂದೆ.

ಕೊಟ್ರೇಶಣ್ಣ ಗೋಡೆಯ ಮೇಲಿನ ದೇವರ ಪಟದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಅದೊಂದು ಹೇಳಬ್ಯಾಡ್ರಿ ಸರ. ಮುಂಜಾನೆದ್ದು ಊದಿನಕಡ್ಡಿ ಹಚ್ಚಿ ಅಂಗಡ್ಯಾಗ ಕುಂತು, ಮುಗೀತು ಮುಗೀತು ಅಂತ ಒತ್ತಲೇನ್ರಿ? ನಮ್ಮವ್ವ ದೀಪ ಆರ್ಸು ಅನ್ನಂಗಿಲ್ಲ, ಶಾಂತ ಮಾಡು ಅಂತಾಳ."

ಬಳೆ ಒಡೆದರೆ ಹೆಚ್ಚಿತು ಎನ್ನುವ ಮನೆಯಲ್ಲಿ ನಾನೂ ಬೆಳೆದವನೇ. ಮೋಟರನ್ನು ಆಮೇಲೆ ಒಯ್ಯುತ್ತೇನೆಂದು ಹೇಳಿ ಬರಿಗೈಯಲ್ಲಿ ಹಿಂದಿರುಗಿದೆ. ಸೈಕಲ್ ತಂದಿರಲಿಲ್ಲ ಎಂಬುದು ನೆಪ, ಆವತ್ತು ನನಗೆ ಆ ಮೋಟರಿನ ಮುಖ ನೋಡುವ ಮನಸ್ಸೇ ಇರಲಿಲ್ಲ. ಈಗ ನನ್ನ ಕೈಯಲ್ಲಿ ಎರಡು ಬಗೆಯ ಮಾಹಿತಿ ಇತ್ತು. ಒಂದರ ಪ್ರಕಾರ ಎಲ್ಲ ಕೆಲಸವೂ ಹಿಡಿಯುವ ಮೊದಲೇ ಮುಗಿಯುತ್ತದೆ, ಇನ್ನೊಂದರ ಪ್ರಕಾರ ಯಾವ ಕೆಲಸವೂ ಎಂದೂ ಮುಗಿಯುವುದಿಲ್ಲ. ನಾಲ್ಕು ಪುಟದ ಸಿದ್ಧಾಂತ ನೀರಲ್ಲಿ ಹೋಮವಾಗಿತ್ತು. ಸುಳ್ಳೆಂದು ಗೊತ್ತಿದ್ದೂ ಅದನ್ನೇ ಓದಬಹುದಿತ್ತು. ಕೊಟ್ರೇಶಣ್ಣನೇನೂ ಸೆಮಿನಾರಿಗೆ ಬಂದು ಸಾಕ್ಷಿ ಹೇಳುತ್ತಿರಲಿಲ್ಲ. ಎರಡು ದಿನ ಹಾಗೇ ಮಾಡೋಣವೆಂದುಕೊಂಡೆ. ಆದರೆ ಯಾರಾದರೂ ಆ ಅಂಗಡಿ ನೋಡಬೇಕೆಂದು ರೈಲು ಹತ್ತಿ ಬಂದುಬಿಟ್ಟರೆ ಎಂಬ ಹೆದರಿಕೆ ಹುಟ್ಟಿತು. ನನ್ನ ಪ್ರಾಮಾಣಿಕತೆಯ ಹಿಂದೆ ಇದಕ್ಕಿಂತ ಹೆಚ್ಚಿನ ಕಾರಣವೇನೂ ಇರಲಿಲ್ಲ.

ಎಸ್‌ಟಿಡಿ ಬೂತಿಗೆ ಹೋಗಿ ಗೈಡಿಗೆ ಎಲ್ಲವನ್ನೂ ಹೇಳಿದೆ. ಆತು ಹೇಳಿದೆ, ಮುಗೀತು ಹೇಳಿದೆ, ಕೊಟ್ರೇಶಣ್ಣನ ಅವ್ವನ ದೀಪವನ್ನೂ ಬಿಡಲಿಲ್ಲ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, "ಅಲ್ರೀ, ಎರಡರ ಸರಾಸರಿ ತಗೊಂಡ್ರೆ ಹೇಗೆ?" ಎಂದರು. ಎಂದೂ ಮುಗಿಯದ್ದರ ಸರಾಸರಿ ತೆಗೆಯಲು ಬರುವುದಿಲ್ಲ ಸರ್ ಎಂದೆ. ನಾನು ಕೇಳಬೇಕಾದ್ದನ್ನು ಕೇಳಿಯೇಬಿಟ್ಟೆ: "ಸರ್, ಈ ಸೆಮಿನಾರು ಬಿಟ್ಟುಬಿಡ್ತೀನಿ. ನೋಂದಣಿ ಇನ್ನೊಂದು ವರ್ಷ ಮುಂದಕ್ಕೆ ಹಾಕಿಸಿ ಕೊಡ್ತೀರಾ? ಅಷ್ಟಾದರೆ ಎಲ್ಲ ಹೊಸದಾಗಿ ಮಾಡ್ತೀನಿ."

"ಆಯ್ತು" ಎಂದು ಅವರು ಫೋನ್ ಇಟ್ಟರು.

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮಾಗಳದ ಹಿರಿಯರು ಎದುರಿಗೆ ಸಿಕ್ಕಿದ್ದರೆ ಆ ಕಲ್ಲನ್ನೇ ಓದಿ ಹೇಳುತ್ತಿದ್ದೆ, ಅಷ್ಟು ಖುಷಿ. ಮನೆಗೆ ಬಂದವನೇ ಹಿತ್ತಲಿಗೆ ನುಗ್ಗಿದೆ. ಗಿರಿಜಾ ನಳದ ಗುಂಡಿಯಲ್ಲಿ ಬಗ್ಗಿ ತಂಬಿಗೆಯಿಂದ ಕೊಡಕ್ಕೆ ನೀರು ತುಂಬುತ್ತಿದ್ದಳು.

"ಒಪ್ಪಿಕೊಂಡ್ರು! ಇನ್ನೊಂದು ವರ್ಷ ಹಾಕಿಸಿ ಕೊಡ್ತಾರಂತೆ. ಆಯ್ತು ಅಂದ್ರು" ಎಂದೆ.

ಅವಳು ತಲೆಯೆತ್ತಿ, ಹಣೆಯ ಬೆವರನ್ನು ಸೆರಗಿನಿಂದ ಒರೆಸಿಕೊಂಡು, "ಯಾವ ಆಯ್ತು?" ಎಂದು ಕೇಳಿದಳು.

ಆದದ್ದೋ, ಆಗಬೇಕಾದದ್ದೋ, ಸುಮ್ಮನಿರಿಸಲು ಅಂದದ್ದೋ, ಜಗಳ ಸಾಕು ಎಂದು ಅಂದದ್ದೋ. ಆ ಧ್ವನಿಯನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ, ಸಿಗಲಿಲ್ಲ. ನನ್ನ ಹೆಸರಿನ ಹಿಂದೆ ಇವತ್ತಿಗೂ ಡಾಕ್ಟರ್ ಎಂದು ಇಲ್ಲದ್ದನ್ನು ನೋಡಿ ಅದು ಯಾವ ಆಯ್ತು ಎಂದು ನೀವು ಊಹಿಸಬಹುದು. ಆಗ ನನಗೆ ಊಹೆಯೂ ಇರಲಿಲ್ಲ.

"ಅದಿರ್ಲಿ ಬಿಡ್ರಿ. ಮೋಟರ್ ರೆಡಿ ಐತಿ ಅಂತ ಕೊಟ್ರೇಶಣ್ಣ ಮೂರು ಸಲ ಹೇಳಿಕಳ್ಸ್ಯಾನ. ನಿಮಗೂ ದಿನಾ ಹೇಳಾಕತ್ತೀನಿ. ಇವತ್ತರ ತರ್ತೀರೇನು?" ಎಂದಳು ಗಿರಿಜಾ.

"ಆತು" ಎಂದೆ.

ಅವಳು ಇನ್ನೊಂದು ಖಾಲಿ ಕೊಡವನ್ನು ತಂದು ನನ್ನ ಕೈಗಿಟ್ಟಳು.