ಸೋಡದಂಗಡಿಯ ಬೋಣಿ

ಕುಷ್ಟನ ಸೋಡದಂಗಡಿಯ ಬಾಗಿಲು ತೆರೆದದ್ದು ಭಟ್ಟರು ಇಟ್ಟುಕೊಟ್ಟ ಮುಹೂರ್ತಕ್ಕೆ ಸರಿಯಾಗಿ. ಕಾಯಿ ಒಡೆದದ್ದೂ ಚೆನ್ನಾಗಿಯೇ, ಎರಡು ಹೋಳೂ ಸಮ. ಕೆಟ್ಟದ್ದು ಒಂದೇ ಒಂದು ಮಾತಿನಿಂದ. ಪಕ್ಕದ ಅಂಗಡಿಯ ದರ್ಜಿ ವೆಂಕಟ ಕುತ್ತಿಗೆಗೆ ಅಳತೆಪಟ್ಟಿ ನೇತುಹಾಕಿಕೊಂಡು ಬಂದು, "ಬೋಣಿ ಯಾರ್ದ್ ಕುಷ್ಟ?" ಎಂದು ಕೇಳಿದ. ಬಾಟ್ಲಿ ಒರೆಸುತ್ತಿದ್ದ ಕುಷ್ಟ ತಲೆ ಎತ್ತದೆ, "ಯಾರ್ದಾರೆಂತ? ದುಡ್ಡಿನ್ ಮೇಲ್ ಹೆಸ್ರ್ ಬರ್ದಿರತ್ತಾ?" ಎಂದುಬಿಟ್ಟ.

ಬಸ್ರೂರು ಪೇಟೆಯಲ್ಲಿ ಆಡಬಾರದ ಮಾತು ಅದು. ಅಲ್ಲಿ ಹೊಸ ಅಂಗಡಿಯ ಮೊದಲ ವ್ಯಾಪಾರವನ್ನು ಕಂಡಕಂಡವರ ಕೈಯಿಂದ ಮಾಡಿಸುವುದಿಲ್ಲ. ಕೈಗುಣ ಇದ್ದವರು ಬಂದು ಮೊದಲ ದುಡ್ಡು ಕೊಡಬೇಕು. ಕೈ ಒಳ್ಳೆಯದಾದರೆ ಅಂಗಡಿ ಬೆಳೆಯಿತು, ಇಲ್ಲವಾದರೆ ಮಳೆಗಾಲದೊಳಗೆ ಹಲಗೆಬಾಗಿಲು ಹಾಕಿ ಮನೆಗೆ ಹೋಗುವುದೇ. ಇಡೀ ಪೇಟೆಗೆ ಅಂಥ ಕೈ ಇದ್ದದ್ದು ಅಕ್ಕಿಮಿಲ್ಲಿನ ಚಂದಯ್ಯ ಶೆಟ್ಟರಿಗೆ. ವೆಂಕಟನ ಹೊಲಿಗೆ ಮಿಶಿನ್ನು, ಎದುರಿನ ಜವಳಿ ಅಂಗಡಿ, ಮೂಲೆಯ ಸೈಕಲ್ ಶಾಪು, ಎಲ್ಲದಕ್ಕೂ ಅವರದ್ದೇ ಬೋಣಿ.

ಬೋಣಿಗೆ ಬರಲು ಶೆಟ್ಟರಿಗೆ ಹೇಳಿಕೆ ಹೋಗಿಲ್ಲವೇ ಎಂದು ವೆಂಕಟ ಗಾಬರಿಯಿಂದ ಕೇಳಿದ. ಹೋಗಿಲ್ಲ, ಹೋಗುವುದೂ ಇಲ್ಲ ಎಂದ ಕುಷ್ಟ.

ಈ ಕುಷ್ಟನ ವಿಷಯ ಸ್ವಲ್ಪ ಹೇಳಬೇಕು. ಮೈಗಳ್ಳ ಅಲ್ಲ. ಹೋದ ಕಡೆಯೆಲ್ಲ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವವನು. ತೊಂದರೆ ಇದ್ದದ್ದು ಅವನ ತಲೆಯಲ್ಲಿ, ಮತ್ತು ಅದಕ್ಕೆ ನೇರ ಜೋಡಿಸಿದ್ದ ನಾಲಗೆಯಲ್ಲಿ. ಕುಂದಾಪುರದ ಹಂಚಿನ ಕಾರ್ಖಾನೆಯಲ್ಲಿ ಗೂಡಿಗೆ ಹಂಚು ಜೋಡಿಸುವ ಕ್ರಮವೇ ತಪ್ಪೆಂದು ಮ್ಯಾನೇಜರಿಗೆ ಹೇಳಿ ಹೊರಗೆ ಬಂದ. ಬೈಂದೂರಿನಲ್ಲಿ ಬಸ್ಸಿನ ಏಜೆಂಟನಾಗಿದ್ದಾಗ, ಬೆಳಗಿನ ಬಸ್ಸು ಮೀನು ಮಾರ್ಕೆಟ್ಟು ಮುಗಿದ ಮೇಲೆ ಹೊರಟರೆ ತುಂಬುತ್ತದೆ ಎಂದು ಮಾಲೀಕರೊಡನೆ ವಾದಕ್ಕೆ ನಿಂತು ಅದನ್ನೂ ಬಿಟ್ಟ. ಅವನು ಬಿಟ್ಟ ತಿಂಗಳಲ್ಲೇ ಬಸ್ಸು ಮೀನು ಮಾರ್ಕೆಟ್ಟು ಮುಗಿದ ಮೇಲೆ ಹೊರಡತೊಡಗಿತು, ತುಂಬಿಕೊಂಡೇ ಹೋಗತೊಡಗಿತು. ಅವನು ಹೇಳಿದ್ದು ಸರಿಯಾಗಿರುತ್ತಿತ್ತು. ಜನ ಅದನ್ನೇ ಕ್ಷಮಿಸುತ್ತಿರಲಿಲ್ಲ.

ಕೊನೆಯದ್ದು ಚಂದಯ್ಯ ಶೆಟ್ಟರ ಮಿಲ್ಲು. ಶೆಟ್ಟರು ಮಿಲ್ಲಿನ ಜಗಲಿಯಲ್ಲಿ ತಮ್ಮದೇ ಒಂದು ಹತ್ತಿಯ ದಿಂಬಿನ ಮೇಲೆ ಕೂತು, ಪಕ್ಕದಲ್ಲಿ ಎಲೆಯಡಿಕೆ ಚೀಲ ಇಟ್ಟುಕೊಂಡು, ಆಳು ಯಾವ ಕಾಲು ಮುಂದಿಡಬೇಕೆಂದೂ ಹೇಳುವವರು. ಒಂದು ದಿನ ಕುಷ್ಟ ಮೂಟೆ ಕಟ್ಟುವಾಗ "ಗಂಟ್ ಆಚಿಂದ ಹಾಕ್" ಎಂದರು. ಈಚಿನಿಂದ ಹಾಕಿದರೆ ಬಿಚ್ಚಲು ಸುಲಭ ಎಂದ ಕುಷ್ಟ. ಇಲ್ಲಿ ನಾನು ಹೇಳಿದ ಹಾಗೆ ಎಂದರು ಶೆಟ್ಟರು. ಅರ್ಧ ಹಾಕಿದ ಗಂಟನ್ನು ಹಾಗೇ ಬಿಟ್ಟು ಕುಷ್ಟ ರಸ್ತೆಗಿಳಿದ. ಇನ್ನೊಬ್ಬರ ದಿಂಬಿನ ಮುಂದೆ ಇನ್ನು ಕೈಕಟ್ಟಿ ನಿಲ್ಲುವುದಿಲ್ಲವೆಂದು ಆ ರಸ್ತೆಯಲ್ಲೇ ಆಣೆ ಹಾಕಿದ. ಆ ಆಣೆಯೇ ಬೆಳೆದು ಸೋಡದಂಗಡಿ ಆದದ್ದು.

ಹಳೆಯ ಸೋಡ ಮಿಶಿನ್ನೊಂದನ್ನು ಎಲ್ಲಿಂದಲೋ ತಂದು, ಅದರ ಚಕ್ರ ಹಗುರವಾಗಿ ತಿರುಗುವ ಹಾಗೆ ತಾನೇ ಏನೋ ಮಾಡಿ, ಕೆಂಪು ಬಣ್ಣ ಬಳಿದು ಇಟ್ಟಿದ್ದ. ತುಂಬಿದ ಗೋಲಿಸೋಡ ಬಾಟ್ಲಿಗಳು ಹಲಗೆಯ ಮೇಲೆ ಸಾಲಾಗಿ ನಿಂತಿದ್ದವು. ಬೆಳಿಗ್ಗೆ ಆ ಸಾಲನ್ನು ನೋಡಿದಾಗ ಅವನಿಗೆ ಕಣ್ಣು ತುಂಬಿತ್ತು. ನಲವತ್ತು ಹತ್ತಿರ ಬಂದ ಗಂಡಸು, ಸೋಡ ಬಾಟ್ಲಿ ನೋಡಿ ಅತ್ತ ಎಂದರೆ ನಗುತ್ತಾರೆಂದು ಯಾರಿಗೂ ಹೇಳಲಿಲ್ಲ.

ಆದರೆ ಅಂಗಡಿಯ ಬೆಂಚಿನ ಕೆಳಗೆ ಒಂದು ಟ್ರಂಕೂ ಇತ್ತು. ಅದನ್ನು ಇಟ್ಟವಳು ಅವನ ಹೆಂಡತಿ ಸರಸ. ಕುಷ್ಟ ಬಿಟ್ಟ ಒಂದೊಂದು ಕೆಲಸವೂ ಅವಳ ಒಲೆಯ ಮೇಲೇ ಬಿದ್ದದ್ದು, ಅವಳಿಗೆ ಸಾಕಾಗಿತ್ತು. ಬೊಂಬಾಯಿಯಲ್ಲಿ ಹೋಟೆಲು ನಡೆಸುವ ಅವಳ ತಮ್ಮ ಪ್ರೇಮಾನಂದ ಊರಿಗೆ ಬಂದವನು ಭಾವನನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದ, ಅಂಗಡಿ ತೆರೆದ ದಿನದ ಸಂಜೆಯ ಬಸ್ಸಿಗೇ ಹೊರಡುವವನಿದ್ದ. ಸರಸ ತೀರ್ಪು ಕೊಟ್ಟಾಗಿತ್ತು. ಬಸ್ಸು ಬರುವುದರೊಳಗೆ ಅಂಗಡಿ ನಡೆದರೆ ಸರಿ, ಇಲ್ಲದಿದ್ದರೆ ಟ್ರಂಕಿನ ಜೊತೆ ಗಂಡನೂ ಬಸ್ಸು ಹತ್ತಬೇಕು. ಕುಷ್ಟ ಹೂಂ ಅಂದಿದ್ದ. ಬೇಸಿಗೆಯಲ್ಲಿ ಬಸ್ಸು ನಿಲ್ಲುವಲ್ಲಿ ಸೋಡ ಮಾರಾಟವಾಗದೆ ಇರುತ್ತದೆಯೇ ಎಂಬ ಧೈರ್ಯ ಅವನಿಗೆ.

ಪ್ರೇಮಾನಂದ ಬೆಂಚಿನ ಮೇಲೆ ಕೂತು, "ಭಾವ, ಬೊಂಬಾಯ್ ಹೋಟ್ಲ್ ಮಾತ್ ಒಂಚೂರ್ ಕೇಣಿ" ಎಂದು ಶುರು ಮಾಡಿದ.

"ಇನ್ನೊಬ್ರ ಕೈಕೆಳಗಿನ್ ಕೆಲ್ಸದ್ ಮಾತ್ ನನ್ ಕಿವಿಗ್ ಹಾಕ್ಬೇಡ" ಎಂದ ಕುಷ್ಟ.

ಮೊದಲ ಬಸ್ಸು ಕುಂದಾಪುರದ ಕಡೆಯಿಂದ ಬಂತು. ಬೆವರಿ ನೀರಾದ ಒಬ್ಬ ಮನುಷ್ಯ ನೇರ ಅಂಗಡಿಗೆ ಬಂದು ನಾಣ್ಯ ಚಾಚಿದ. ಕುಷ್ಟನ ಕೈ ಅದಕ್ಕೆ ತಾಗುವುದರೊಳಗೆ ವೆಂಕಟ ನಡುವೆ ಬಂದ. ಎಲ್ಲಿಂದ ಬಂದದ್ದು ಎಂದು ವಿಚಾರಿಸಿದ. ಕೋರ್ಟಿನಿಂದ, ಜಾಗದ ಕೇಸು ಇವತ್ತೇ ಸೋತು ಹೋಯಿತು ಎಂದು ಆ ಪಾಪದವನು ನಿಜ ಹೇಳಿದ. ವೆಂಕಟ ಅವನ ಬೆರಳುಗಳನ್ನು ನಾಣ್ಯದ ಮೇಲೆ ನಿಧಾನವಾಗಿ ಮಡಚಿ, ಸಮಾಧಾನ ಹೇಳಿ, ಎದುರು ಹೋಟೆಲಿನ ಮಜ್ಜಿಗೆಗೆ ಕಳಿಸಿಕೊಟ್ಟ. ಕುಷ್ಟ ಕೂಗಾಡಿದ. ನಿನ್ನ ಒಳ್ಳೆಯದಕ್ಕೇ ಮಾಡಿದ್ದು ಎಂದು ವೆಂಕಟನೂ, ಜವಳಿ ಅಂಗಡಿಯ ಗೋಪಿಯೂ ಒಟ್ಟಿಗೇ ಹೇಳಿದರು. ಹಾಗಾದರೆ ನೀವೇ ಒಂದೊಂದು ಕುಡಿಯಿರಿ ಎಂದ ಕುಷ್ಟ. ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದರು. ನಾಳೆ ಅಂಗಡಿ ಮುಚ್ಚಿದರೆ ಊರವರು ಯಾರ ಕೈ ಎಂದು ಹುಡುಕುತ್ತಾರೆ, ಆ ಕೈ ತನ್ನದಾಗುವುದು ಯಾರಿಗೂ ಬೇಡ.

ಮೀನು ಮಾರುವ ಗುಲಾಬಿ ತನ್ನ ಬುಟ್ಟಿ ಇಳಿಸಿ, ಸೋಡ ಬಾಟ್ಲಿಗಳನ್ನು ಆಸೆಯಿಂದ ನೋಡಿ ನಿಟ್ಟುಸಿರು ಬಿಟ್ಟಳು. "ನನ್ ಬೋಣಿ ಬ್ಯಾಡ ಮಾರಾಯ್ರೆ. ಹ್ವಾದ್ ವರ್ಷ ಆ ಬಳಿ ಅಂಗ್ಡಿಗ್ ನಂದೇ ಬೋಣಿ. ಅಂಗ್ಡಿ ಎಲ್ಲಿತ್ ಈಗ?" ಬಳೆಯ ಅಂಗಡಿ ಇದ್ದ ಜಾಗದಲ್ಲಿ ಒಂದು ಆಡು ಮಲಗಿತ್ತು. ಎಲ್ಲರೂ ಅದನ್ನು ನೋಡಿದರು, ಕುಷ್ಟನೂ ನೋಡಿದ.

ದುಡ್ಡೇ ಬೇಡ, ಸುಮ್ಮನೆ ಕುಡಿಯಿರಿ ಎಂದ. ಮೊದಲ ಬಾಟ್ಲಿ ಪುಕ್ಕಟೆ ಹೋದರೆ ಜೀವಮಾನ ಪೂರಾ ಪುಕ್ಕಟೆಯೇ ಹೋಗುತ್ತದೆ ಎಂದು ಸುತ್ತ ನಿಂತವರು ತಡೆದರು. ಪ್ರೇಮಾನಂದನ ಕೈಯಲ್ಲಾದರೂ ಬೋಣಿ ಮಾಡಿಸೋಣ ಎಂದರೆ ಮನೆಯವರದ್ದು ಲೆಕ್ಕಕ್ಕಿಲ್ಲ ಎಂದಳು ಸರಸ. ಪ್ರೇಮಾನಂದ ಇದೇ ಸಮಯ ನೋಡಿ, "ಭಾವ, ಆ ಹೋಟ್ಲ್..." ಎಂದ. ಕುಷ್ಟ ಅವನತ್ತ ತಿರುಗಿ ನೋಡಿದ ರೀತಿಗೆ ಅವನು ಬೆಂಚಿನ ಆಚೆ ತುದಿಗೆ ಸರಿದು ಕೂತ.

ಮಧ್ಯಾಹ್ನದ ಬಿಸಿಲಿಗೆ ಒಂದು ಬಾಟ್ಲಿ ಡಬ್ ಎಂದು ಒಡೆಯಿತು. ಆಡು ಎದ್ದು ಓಡಿತು. ಬೋಣಿ ಆಗದ ಅಂಗಡಿಯಲ್ಲಿ ಸೋಡಕ್ಕೂ ನಿಲ್ಲಲು ಮನಸ್ಸಿಲ್ಲ ಎಂದು ಗೋಪಿ ಹೇಳಿದ್ದು ಗಾಳಿಯಂತೆ ಪೇಟೆಯೆಲ್ಲ ಹಬ್ಬಿತು. ಅದನ್ನು ಕೇಳಿ ಇನ್ನಷ್ಟು ಜನ ಬಂದರು. ಬಾಯಾರಿದ ಅಷ್ಟು ಜನ ಒಂದು ಸೋಡದಂಗಡಿಯ ಮುಂದೆ ನಿಂತು, ಒಬ್ಬರೂ ಕುಡಿಯದೆ, ಎಲ್ಲರೂ ಸಲಹೆ ಕೊಡುವುದನ್ನು ಬಸ್ರೂರು ಅದಕ್ಕೆ ಮೊದಲು ಕಂಡಿರಲಿಲ್ಲ.

ಬಿಸಿಲು ಇಳಿಯಿತು. ಸರಸ ಬಗ್ಗಿ ಟ್ರಂಕನ್ನು ಬೆಂಚಿನ ಕೆಳಗಿನಿಂದ ಎಳೆದು ಮುಂದೆ ಇಟ್ಟಳು. ಅವಳು ಬೈದಿದ್ದರೆ ಕುಷ್ಟ ತಡೆದುಕೊಳ್ಳುತ್ತಿದ್ದ. ಎಷ್ಟೋ ಕೆಲಸ ಬಿಟ್ಟು ಬಂದಿದ್ದ, ಒಂದಕ್ಕೂ ಹೊಟ್ಟೆ ಉರಿದಿರಲಿಲ್ಲ. ಇದು ಹಾಗಲ್ಲ. ಆ ಕೆಂಪು ಚಕ್ರ ಅವನದ್ದು, ಆ ಬಾಟ್ಲಿಗಳ ಸಾಲು ಅವನದ್ದು. ಜೀವಮಾನದಲ್ಲಿ ತನ್ನದು ಎಂದು ಇದ್ದದ್ದು ಅಷ್ಟೇ. ಬಾಟ್ಲಿ ಒರೆಸುವ ಬೈರಾಸನ್ನು ಹೆಗಲಿಗೆ ಎಸೆದುಕೊಂಡು ಯಾರಿಗೂ ಹೇಳದೆ ಮಿಲ್ಲಿನ ದಾರಿ ಹಿಡಿದ.

ಮಿಲ್ಲಿನ ಜಗಲಿಯಲ್ಲಿ ದಿಂಬು ಇರಲಿಲ್ಲ. ಅಲ್ಲೊಂದು ಮೇಜು, ಕುರ್ಚಿ, ಕುರ್ಚಿಯಲ್ಲಿ ಶೆಟ್ಟರ ಮಗ ಶೇಖರ. ಅಪ್ಪಯ್ಯ ಹಿಂದೆ ಇದ್ದಾರೆ ಎಂದ. ಹಿಂದೆ ಹೋದರೆ, ತೌಡಿನ ಮೂಟೆಗಳ ನಡುವೆ, ಯಾರೋ ತಂದಿಟ್ಟು ಮರೆತ ಸಾಮಾನಿನ ಹಾಗೆ ಶೆಟ್ಟರು ದಿಂಬಿನ ಮೇಲೆ ಒಬ್ಬರೇ ಕೂತಿದ್ದರು. ಕುಷ್ಟನ ಬೈರಾಸು ತಾನಾಗಿಯೇ ಹೆಗಲಿನಿಂದ ಕಂಕುಳಿಗೆ ಇಳಿಯಿತು. ಬೆನ್ನು ಬಾಗಿತು.

"ಶೆಟ್ರೆ, ನಂದ್ ತಪ್ಪಾಯ್ತ್. ಅಂಗ್ಡಿ ಬೋಣಿಗ್ ನೀವೇ ಬರ್ಕ್."

ಶೆಟ್ಟರು, "ನೀನ್ ಕರಿತೆ ಅಂದೇಳಿ ಬೆಳ್ಗಿಂದ ಅಂಗಿ ಹಾಕಂಡೇ ಕೂತಿದ್ದೆ" ಎಂದರು.

ಈ ಮುದುಕನ ಮೇಲೆ ಇಷ್ಟು ದಿನ ಹಟ ಹಿಡಿದೆನಲ್ಲ ಎಂದುಕೊಂಡ ಕುಷ್ಟ. ಶೆಟ್ಟರು ಕೊಡೆ ತೆಗೆದುಕೊಂಡರು, ಎಲೆಯಡಿಕೆ ಚೀಲ ತೆಗೆದುಕೊಂಡರು, ಕೊನೆಗೆ ದಿಂಬನ್ನೂ ಎತ್ತಿಕೊಂಡರು. ಒಂದು ಸೋಡ ಕುಡಿದು ಬರುವುದಕ್ಕೆ ದಿಂಬು ಯಾಕೆ ಎಂದು ಕುಷ್ಟನಿಗೆ ಅನ್ನಿಸಿತು. ವಯಸ್ಸಾದವರು, ಬೆಂಚು ಒತ್ತುತ್ತದೇನೋ ಎಂದು ಅದನ್ನು ತಾನೇ ಹೊತ್ತುಕೊಂಡ. ಜಗಲಿ ದಾಟುವಾಗ ಶೇಖರ ದಿಂಬನ್ನು ನೋಡಿದ, ಕುಷ್ಟನನ್ನು ನೋಡಿದ, ಎದ್ದು ನಿಂತು ತುಂಬ ಮರ್ಯಾದೆಯಿಂದ, "ಕುಷ್ಟಣ್ಣ, ನಿಧಾನ ಕರ್ಕಂಡ್ ಹೋಯಿನಿ" ಎಂದ.

ಅಂಗಡಿಗೆ ಬಂದ ಶೆಟ್ಟರು ಗೋಲಿ ಒತ್ತಿ, ಪೂರ್ತಿ ಕುಡಿದು, ಪೇಟೆಗೇ ಕೇಳುವ ಹಾಗೆ ತೇಗಿ, ರಾಜನ ತಲೆ ಇದ್ದ ಹಳೆಯ ನಾಣ್ಯವೊಂದನ್ನು ಕುಷ್ಟನ ಅಂಗೈಗೆ ಹಾಕಿದರು. ಬೆಳಗಿನಿಂದ ಒಣಗಿ ನಿಂತಿದ್ದ ಜನ ಅಂಗಡಿಯ ಮೇಲೆ ಬಿದ್ದರು. ವೆಂಕಟ ಕುಡಿದ, ಗೋಪಿ ಎರಡು ಕುಡಿದ, ಗುಲಾಬಿ ಕುಡಿದು ಮನೆಗೂ ಕಟ್ಟಿಸಿಕೊಂಡಳು. ಪ್ರೇಮಾನಂದನೇ ಅಂಗಿಯ ತೋಳು ಮಡಚಿ ಚಕ್ರ ತಿರುಗಿಸಬೇಕಾಯಿತು. ಸರಸ ಕಾಲಿನಿಂದಲೇ ಟ್ರಂಕನ್ನು ಬೆಂಚಿನ ಕೆಳಗೆ ತಳ್ಳಿ, ಬಹಳ ದಿನಗಳ ಮೇಲೆ ಗಂಡನ ಮುಖ ನೋಡಿ ನಕ್ಕಳು. ಕುಷ್ಟನಿಗೆ ಆ ಹೊತ್ತು ಯಾರ ಹಂಗೂ ಇಲ್ಲದ ಮನುಷ್ಯನಾದೆ ಅನ್ನಿಸಿತು.

ಬಸ್ಸು ಬಂತು. ಭಾವಮೈದನನ್ನು ಹತ್ತಿಸಲು ಕುಷ್ಟ ಹೋದ, ಹೋಗುವುದೆಂಥ, ಹಾರಿಕೊಂಡೇ ಹೋದ. ಪ್ರೇಮಾನಂದ ಕಿಟಕಿಯ ಬಳಿ ಕೂತು ಹೇಳಿದ, "ಬೊಂಬಾಯ್ ಹತ್ರ ಠಾಣದಂಗೆ ಹೊಸ ಹೋಟ್ಲ್ ಒಂದ್ ಮಾಡಿದೆ ಭಾವ. ನಂಗ್ ಅಲ್ಲಿಗ್ ಹೋಪುಕೆ ಪುರ್ಸೊತ್ತಿಲ್ಲ. ಪೂರಾ ನಿಮ್ಗೇ ಬಿಡ್ವ ಅಂದೇಳಿ ಇದ್ದೆ. ಅಲ್ಲಿ ನಿಮ್ಗ್ ಹೇಳುಕೆ ಕೇಂಬುಕೆ ಯಾರೂ ಇರ್ತಿರ್ಲಿಲ್ಲ. ಇರ್ಲಿ, ಇಲ್ಲೇ ಒಳ್ಳೇದಾಯ್ತಲೆ."

ಕುಷ್ಟನ ಕೈ ಕಿಟಕಿಯ ಸರಳಿನ ಮೇಲೇ ಉಳಿಯಿತು. "ಮೊದ್ಲೇ ಹೇಳುಕೆ ಎಂತ ಆಯಿತ್ ನಿಂಗೆ?"

ಪ್ರೇಮಾನಂದ ತನ್ನ ಕಿವಿಯನ್ನು ಮುಟ್ಟಿ ತೋರಿಸಿದ. ಬಸ್ಸು ಹೊರಟಿತು. ಕುಷ್ಟ ಅದರ ಹಿಂದೆ ಸ್ವಲ್ಪ ದೂರ ನಡೆದ, ಯಾಕೆ ನಡೆದನೆಂದು ಅವನಿಗೂ ಗೊತ್ತಿರಲಿಲ್ಲ. ಬೆಳಗಿನಿಂದ ಎರಡು ಸಲ ಬಾಯಿ ತೆರೆದಿದ್ದ ಆ ಮನುಷ್ಯ. ಒಂದು ಸಲ ಕೇಳಿಸಿಕೊಂಡಿದ್ದರೆ ಸಾಕಿತ್ತು.

ಹೋಗಲಿ, ತನ್ನ ಅಂಗಡಿ ತನಗಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ತಿರುಗಿ ಬಂದ. ಜನ ಚದುರಿದ್ದರು. ಶೆಟ್ಟರು ಹೋಗಿರಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ದಿಂಬು ಹಾಕಿ, ಅದರ ಮೇಲೆ ಸರಿಯಾಗಿ ಕೂತು, ಎಲೆಯಡಿಕೆ ಚೀಲ ಬಿಚ್ಚಿಕೊಂಡಿದ್ದರು. ಅವರ ಮುಖದಲ್ಲಿ ಹತ್ತು ವರ್ಷ ಕಮ್ಮಿಯಾಗಿತ್ತು.

"ಮಿಲ್ಲಂಗೆ ಮಗ ಕುರ್ಚಿ ತಂದಿದ್ದ. ನಂಗಲ್ಲಿ ಕೂಕಂಬುಕೆ ಜಾಗ ಇಲ್ಲ" ಎಂದರು ಸುಣ್ಣ ಹಚ್ಚುತ್ತ. "ನಾಳಿಂದ ಬೇಗ ಬತ್ತೆ, ಕುಷ್ಟ. ದಿನಾ ಬೋಣಿ ನಂದೇ ಆಯ್ಲಿ. ಹಾಂ, ಬಾಟ್ಲಿ ಹಾಂಗ್ ಇಡುದಲ್ಲ. ಮಲ್ಗ್ಸಿ ಬಾಯಿ ಆಚಿಗ್ ಮಾಡಿ ಇಡ್."

ಕುಷ್ಟನ ನಾಲಗೆ ಅಭ್ಯಾಸದಂತೆ ಮೇಲೆದ್ದಿತು. ಅಷ್ಟರಲ್ಲಿ ವೆಂಕಟ ತನ್ನ ಅಂಗಡಿಯಿಂದಲೇ ಬೇಡ ಎಂದು ಕಣ್ಣು ಮಾಡಿದ. ಕೈಗುಣದವರ ಮನಸ್ಸು ನೋಯಿಸಿದರೆ ಆದ ಬೋಣಿಯೂ ತಿರುಗಿ ಹೋಗುತ್ತದೆ, ಅದು ಕುಷ್ಟನಿಗೆ ಗೊತ್ತಿಲ್ಲದಿದ್ದರೂ ಪೇಟೆಗೆಲ್ಲ ಗೊತ್ತು. ಸರಸ ಬೆಂಚಿನ ಕೆಳಗಿನ ಟ್ರಂಕಿನ ಮೇಲೆ ಒಂದು ಕಣ್ಣಿಟ್ಟು ನಿಂತಿದ್ದಳು.

ಕುಷ್ಟ ಬಾಟ್ಲಿಗಳನ್ನು ಒಂದೊಂದಾಗಿ ಮಲಗಿಸಿ ಬಾಯಿ ಆಚೆಗೆ ತಿರುಗಿಸಿದ. ಇಂಥ ಹೊತ್ತಿನಲ್ಲಿ ಅವನು ಯಾವಾಗಲೂ ಮಾಡುತ್ತಿದ್ದದ್ದು ಒಂದೇ, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಬಾಗಿಲು ದಾಟುವುದು. ಇಂದೂ ಕಾಲು ಬಾಗಿಲ ತನಕ ಹೋಯಿತು. ಸೊಂಟದಲ್ಲಿ ಏನೋ ಒತ್ತಿತು. ಮುಟ್ಟಿ ನೋಡಿದರೆ ತನ್ನದೇ ಅಂಗಡಿಯ ಬೀಗದ ಕೈ.

ಒಳಗಿನಿಂದ ಶೆಟ್ಟರು, ಬಾಗಿಲಲ್ಲಿ ಹಾಗೆ ನಿಲ್ಲಬಾರದು, ಗಿರಾಕಿಗೆ ಅಡ್ಡ ಎಂದರು. ಕುಷ್ಟ ಒಳಗೆ ಬಂದ.