ಮೇವು ಹಾಕಿ ನೋಡಿ ತಂದ ಮೀನು

ಕ್ಯಾಲೆಂಡರಿನ ಚಿತ್ರಗಳಲ್ಲೆಲ್ಲ ತೆಂಗಿನ ಮರದ ಹಿಂದೆ ಸಮುದ್ರ ಇದ್ದೇ ಇರುತ್ತದೆ. ನಮ್ಮ ತಿಪಟೂರಿನಲ್ಲಿ ತೆಂಗಿನ ಮರದ ಹಿಂದೆ ಇನ್ನೊಂದು ತೆಂಗಿನ ಮರ ಇರುತ್ತದೆ, ಅದರ ಹಿಂದೆ ಮತ್ತೊಂದು. ಮನುಷ್ಯನಿಗೆ ಇರುವುದಕ್ಕಿಂತ ಇಲ್ಲದ್ದರ ಮೇಲೇ ಆಸೆ ಹೆಚ್ಚು ಎನ್ನುವುದಕ್ಕೆ ನಾನೇ ಸಾಕ್ಷಿ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ವಿಜ್ಞಾನ ಪಾಠ ಹೇಳುತ್ತ, ಹವಳದ ದಿಬ್ಬವನ್ನು ಸೀಮೆಸುಣ್ಣದಲ್ಲಿ ಬರೆದು ಬರೆದು ಬೇಸತ್ತು, ಕೊನೆಗೆ ನಡುಮನೆಯಲ್ಲೇ ಒಂದು ಪುಟ್ಟ ಸಮುದ್ರ ಇಟ್ಟುಕೊಂಡೆ. ಎಪ್ಪತ್ತು ಲೀಟರಿನ ಗಾಜಿನ ತೊಟ್ಟಿ, ಅದಕ್ಕೆಂದೇ ಬರುವ ಪೊಟ್ಟಣದ ಉಪ್ಪು, ನಾಲ್ಕು ಕಲ್ಲು, ಎರಡು ತುಂಡು ಹವಳ. ಅಡುಗೆ ಉಪ್ಪು ಸಾಲದೇ ಎಂದು ಹೆಂಡತಿ ವಿಮಲಾ ಕೇಳಿದಳು. ಯಾಕೆ ಸಾಲದು ಎಂದು ಅರ್ಧ ಗಂಟೆ ವಿವರಿಸಿದೆ. ಅದಾದ ಮೇಲೆ ತೊಟ್ಟಿಯ ವಿಷಯದಲ್ಲಿ ಅವಳು ಪ್ರಶ್ನೆ ಕೇಳುವುದನ್ನೇ ಬಿಟ್ಟಳು.

ಮೊದಲನೆಯ ಮೀನನ್ನು ನಾನು ಆರಿಸಿದ್ದು ಬಣ್ಣ ನೋಡಿ. ಮ್ಯಾಂಡರಿನ್ ಎಂದು ಅದರ ಹೆಸರು. ನೀಲಿ ಮೈಮೇಲೆ ಕಿತ್ತಳೆ ಗೆರೆ, ಮದುವೆ ಸೀರೆಯ ಅಂಚಿನ ಹಾಗೆ. ಕಡಲಿನಲ್ಲಿ ಹಿಡಿದು ತಂದದ್ದು. ಮೀನಿಗೆಂದೇ ಡಬ್ಬಿಯಲ್ಲಿ ಬರುವ ಒಣ ಕಾಳನ್ನು ಹಾಕಿದರೆ ಅದು ಕಣ್ಣೆತ್ತಿಯೂ ನೋಡಲಿಲ್ಲ. ಕಡಲಿನಲ್ಲಿ ಇದು ದಿನವಿಡೀ ಕಲ್ಲಿನ ಮೇಲಿನ ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುತ್ತದಂತೆ. ನನ್ನ ನಾಲ್ಕು ಕಲ್ಲಿನಲ್ಲಿ ಅದರ ಒಂದು ವಾರದ ಊಟವೂ ಇರಲಿಲ್ಲ. ಸೀಗಡಿ ತಂದು ಫ್ರಿಜ್ಜಿನಲ್ಲಿಟ್ಟು ಚೂರು ಚೂರೇ ಹಾಕಿ ಎಂದ ಮೀನು ಕೊಟ್ಟ ಅಂಗಡಿಯವನು. ನಮ್ಮದು ಮೊಟ್ಟೆಯೂ ಹೊಸಿಲು ದಾಟದ ಮನೆ. "ಮೊಸರಿನ ಪಕ್ಕ ಸೀಗಡಿ ಇಡೋದಾದ್ರೆ ಫ್ರಿಜ್ಜನ್ನೂ ನಿಮ್ಮ ಸಮುದ್ರದೊಳಗೇ ಇಟ್ಕೊಳ್ಳಿ" ಎಂದಳು ವಿಮಲಾ. ಮೂರನೇ ವಾರ ಮೀನು ಸತ್ತುಹೋಯಿತು. ಹಾಸ್ಯ ಪಕ್ಕಕ್ಕಿರಲಿ, ನನಗೆ ನಿಜವಾಗಿಯೂ ಸಂಕಟವಾಯಿತು. ದೂರದಿಂದ ತಂದು ಉಪವಾಸ ಕೆಡವಿ ಕೊಂದ ಹಾಗಾಯಿತಲ್ಲ ಎಂದು ಎರಡು ದಿನ ತೊಟ್ಟಿಯ ಕಡೆ ಹೋಗಲಿಲ್ಲ. ಇನ್ನೊಂದು ಜೀವ ಹೋದರೆ ತೊಟ್ಟಿ ಅಟ್ಟಕ್ಕೆ ಎಂದು ವಿಮಲಾ ತೀರ್ಪು ಕೊಟ್ಟಳು, ನಾನು ಒಪ್ಪಿದೆ. ಅಲ್ಲಿಯವರೆಗೆ ಈ ಸಮುದ್ರದಿಂದ ಲಾಭವಾಗಿದ್ದು ಹಿತ್ತಲ ತೆಂಗಿನ ಮರಕ್ಕೆ ಮಾತ್ರ. ಬದಲಾಯಿಸಿದ ಉಪ್ಪು ನೀರನ್ನೆಲ್ಲ ಅದರ ಬುಡಕ್ಕೇ ಸುರಿಯುತ್ತಿದ್ದೆವು.

ಆಮೇಲೆ ಓದಿ ತಿಳಿದುಕೊಂಡೆ. ಮೊದಲೇ ಓದಬೇಕಿತ್ತು, ಮಕ್ಕಳಿಗೆ ದಿನಾ ಅದನ್ನೇ ಹೇಳುವವನು ನಾನು. ಸಾಕುವವರ ತೊಟ್ಟಿಯಲ್ಲೇ ಮೊಟ್ಟೆಯೊಡೆದು ಬೆಳೆದ ಮೀನುಗಳೂ ಸಿಗುತ್ತವೆ. ಅವುಗಳಿಗೆ ಚಿಕ್ಕಂದಿನಿಂದಲೇ ಒಣ ಕಾಳು ತಿಂದು ರೂಢಿ. ಕಡಲನ್ನು ಕಂಡೇ ಇಲ್ಲವಾದ್ದರಿಂದ ಅದಕ್ಕಾಗಿ ಕೊರಗುವುದೂ ಇಲ್ಲ. ಆ ಕಾಳನ್ನು ಯಾವುದರಿಂದ ಮಾಡಿದ್ದಾರೆ ಎಂದು ಡಬ್ಬಿಯ ಮೇಲೆ ಬರೆದಿದೆ. ವಿಮಲಾ ಅದನ್ನು ಓದಿಲ್ಲ, ನಾನು ಓದಿ ಹೇಳಿಲ್ಲ.

ಅದೇ ಸಮಯಕ್ಕೆ ಶೆಟ್ಟಿಕೆರೆಯಿಂದ ಮಾವ, ವಿಮಲಾಳ ಅಪ್ಪ, ಬಂದರು. ಅವರಿಗೆ ಬೆಂಗಳೂರಿನಲ್ಲಿ ಕಣ್ಣು ತೋರಿಸಬೇಕಿತ್ತು, ನನಗೆ ಮೀನು ತರಬೇಕಿತ್ತು. ಇಬ್ಬರೂ ಒಂದೇ ರೈಲು ಹತ್ತಿದೆವು. ಮಾವ ದನ ಕೊಳ್ಳುವುದರಲ್ಲಿ ಹೆಸರಾದವರು. ಸುಳಿ ನೋಡಿ, ಹಲ್ಲು ಎಣಿಸಿ, ಕೊನೆಗೊಂದು ಹಿಡಿ ಮೇವು ಹಾಕಿ ನೋಡದೆ ಹಗ್ಗ ಹಿಡಿದವರಲ್ಲ. ಕಣ್ಣಿಗೆ ಔಷಧಿ ಬಿಟ್ಟು ಎಲ್ಲ ಮಂಜಾಗಿದ್ದರೂ ನನ್ನ ಜೊತೆ ಅಂಗಡಿಗೆ ಬಂದರು.

ಅಂಗಡಿಯಲ್ಲಿ ನನ್ನ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಒಂದು ಅಚ್ಚ ನೀಲಿ ಮೀನಿನ ಮುಂದೆ ನಿಂತುಬಿಟ್ಟೆ. ಅದೂ ಕಡಲಿನದೇ, ಬೆಳೆದರೆ ನನ್ನ ತೊಟ್ಟಿಯಲ್ಲಿ ತಿರುಗಲೂ ಜಾಗವಿರುವುದಿಲ್ಲ. ಎಲ್ಲ ಗೊತ್ತಿದ್ದೂ ಕೈ ಜೇಬಿಗೆ ಹೋಯಿತು. ಮಾವ ಅಂಗಡಿಯವನಿಗೆ, ಅದಕ್ಕೆ ಸ್ವಲ್ಪ ಮೇವು ಹಾಕಪ್ಪ ಎಂದರು. ಅವನು ಕಾಳು ಉದುರಿಸಿದ. ನೀಲಿ ಮೀನು ಕಲ್ಲಿನ ಹಿಂದೆ ಸರಿಯಿತು. ಮೂಲೆಯ ತೊಟ್ಟಿಯಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನುಗಳಿದ್ದವು, ಹೆಬ್ಬೆರಳಿನಷ್ಟೂ ಇಲ್ಲ. ಇವು ನಮ್ಮವರೇ ಮರಿ ಮಾಡಿಸಿದ್ದು ಎಂದ ಅಂಗಡಿಯವನು. ಮಾವ ಅಷ್ಟಕ್ಕೆ ಬಿಡಲಿಲ್ಲ, ಇವುಗಳ ತಾಯಿ ಎಲ್ಲಿ ಎಂದು ಕೇಳಿದರು. ಅವನು ಫೋನಿನಲ್ಲಿ ತಾಯಿ ತಂದೆ ಇಬ್ಬರನ್ನೂ ತೋರಿಸಿದ. ಮಂಜು ಕಣ್ಣಿನಲ್ಲಿ ಮಾವನಿಗೆ ಏನು ಕಂಡಿತೋ, ತಲೆಯಾಡಿಸಿದರು. ಕಾಳು ಹಾಕಿದ ತಕ್ಷಣ ಎರಡೂ ಮೇಲೆ ಬಂದು, ತಿಂದು, ಇನ್ನೂ ಬೇಕೆಂದು ಗಾಜಿಗೆ ಮೂತಿ ಒತ್ತಿದವು.

"ಮೊಕ ನೋಡ್ಬ್ಯಾಡಿ ಅಳಿಯಂದ್ರೇ, ಬಾಯಿ ನೋಡಿ" ಎಂದರು ಮಾವ. "ಮನೇಲಿ ಹುಟ್ಟಿದ್ದು, ಹಾಕಿದ್ದು ತಿಂತೈತೆ. ಹಿಡ್ಕೊಂಡು ಹೋಗಾನ ನಡೀರಿ."

ನೀರು ತುಂಬಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಿಪಟೂರಿಗೆ ಬಂದೆವು. ಮಾರನೆಯ ದಿನ ಬೆಳಿಗ್ಗೆ ಕಾಳು ಹಾಕಿದೆ. ಎರಡೂ ಬಂದು ತಿಂದವು. ವಿಮಲಾಳ ಮುಖದಲ್ಲೂ ಸಮಾಧಾನ ಕಂಡಿತು. ತೊಟ್ಟಿ ಉಳಿಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ, ನಿಮ್ಮಪ್ಪನದು ಭಾರಿ ಕಣ್ಣು ಕಣೇ, ನನಗೆ ಈ ಉಪಾಯ ಹೊಳೆಯಲೇ ಇಲ್ಲ ಎಂದೆ.

"ಅಪ್ಪ ನಿಮ್ಮ ಮನೆ ನೋಡಕ್ಕೆ ಬಂದಾಗ್ಲೂ ಇದನ್ನೇ ಮಾಡಿದ್ದು ಕಣ್ರೀ" ಎಂದಳು ಬಡಿಸುತ್ತ. "ಇನ್ನೊಬ್ಬ ಹುಡುಗ ನೋಡಕ್ಕೆ ಚೆನ್ನಾಗಿದ್ನಂತೆ, ಉಪ್ಪಿಟ್ಟು ಕೆದಕಿ ಬಿಟ್ನಂತೆ. ನೀವು ತಟ್ಟೆ ಬಳಿದು ಮತ್ತೆ ಹಾಕಿಸ್ಕೊಂಡ್ರಂತೆ. ಸಾಕೋದು ಸುಲಭ, ಇದೇ ಆಗ್ಲಿ ಅಂದ್ರು."

ಇಷ್ಟು ವರ್ಷ ನಾನು, ಮಾವ ನನ್ನ ಫಸ್ಟ್ ಕ್ಲಾಸ್ ಬಿ.ಎಸ್ಸಿ. ನೋಡಿ ಮಗಳನ್ನು ಕೊಟ್ಟರೆಂದು ನಂಬಿಕೊಂಡಿದ್ದೆ. ಅಂದು ತಟ್ಟೆಯಲ್ಲಿ ಹಾಗಲಕಾಯಿ ಪಲ್ಯ ಇತ್ತು. ನನಗೆ ಹಾಗಲಕಾಯಿ ಸೇರುವುದಿಲ್ಲ. ಬಿಡೋಣವೆಂದು ತಲೆ ಎತ್ತಿದೆ. ತೊಟ್ಟಿಯ ಪಕ್ಕದ ಕುರ್ಚಿಯಲ್ಲಿ ಮಾವ ನನ್ನ ಕಡೆಯೇ ನೋಡುತ್ತ ಕೂತಿದ್ದರು. ತಿಂದೆ.