ಕೆಂಪು ಚೀಟಿ ಕಟ್ಟಿದ ಕೈಚೀಲ

ಸುಳ್ಳು ಹೇಳುವುದು ಅಂಥ ಕಷ್ಟದ ಕೆಲಸವೇನಲ್ಲ. ಹೇಳಿದ ಸುಳ್ಳಿಗೆ ಆರ್ಡರು ಬರಲು ಶುರುವಾದಾಗ ಮಾತ್ರ ಪ್ರಾಣಕ್ಕೆ ಬರುತ್ತದೆ. ಡೆಟ್ರಾಯಿಟ್ ಸುತ್ತಮುತ್ತ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಮೊದಲ ಪ್ರಶ್ನೆ "ಯಾವೂರು ನಿಮ್ದು?", ಎರಡನೆಯದು "ಎಲ್ಲಿ ಕೆಲ್ಸ?" ಮೊದಲನೆಯದಕ್ಕೆ ಮೈಸೂರು ಎಂದು ಧೈರ್ಯವಾಗಿ ಹೇಳುತ್ತೇನೆ. ಎರಡನೆಯದಕ್ಕೆ ಐದು ವರ್ಷದಿಂದ "ಲೆದರ್ ಬ್ಯಾಗ್ ಕಂಪನಿ" ಎಂದು ಹೇಳಿಕೊಂಡು ಬಂದಿದ್ದೇನೆ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಇದನ್ನು ಕೇಳಿಸಿಕೊಂಡ ವಿಮಲಾ ಆಂಟಿ ಹೋಳಿಗೆ ತಟ್ಟೆ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. "ಸುಧಾ, ನಂಗೊಂದು ಮಾಡ್ಕೊಡೇ. ಒಳಗಡೆ ಎರಡು ಝಿಪ್ ಇರ್ಬೇಕು. ಡಿಸ್ಕೌಂಟ್ ಹಾಕ್ಬಿಡು." ಹಾಕಿದೆ. ಅಲ್ಲಿಂದ ಇಲ್ಲಿಯವರೆಗೆ, ಆ ಒಂದು ಸುಳ್ಳನ್ನು ನಿಜ ಮಾಡುವುದಕ್ಕಾಗಿ, ಶನಿವಾರ ಭಾನುವಾರ ಕೂತು ಏಳು ಕೈಚೀಲ ಹೊಲಿದಿದ್ದೇನೆ. ಶನಿವಾರ ಭಾನುವಾರ ನನಗೆ ಬೇರೆ ಕೆಲಸವೂ ಇರುವುದಿಲ್ಲ ಅನ್ನಿ. ಗಂಡ ಹೋಗಿ ಆರು ವರ್ಷವಾಯಿತು. ತೀರಿಕೊಂಡಿಲ್ಲ, ಫೀನಿಕ್ಸಿನಲ್ಲಿದ್ದಾರೆ. ಮಗಳು ಶಿಕಾಗೊ ಪಕ್ಕದ ವೆಸ್ಟ್‌ಮಂಟಿನಲ್ಲಿ. ಇಲ್ಲಿ ಡೆಟ್ರಾಯಿಟ್ ಪಕ್ಕದ ವಾರೆನ್ನಿನ ನನ್ನ ಮನೆಯಲ್ಲಿ ನಾನು ಮತ್ತು ಹೊಲಿಗೆ ಮಷೀನು ಇಬ್ಬರೇ, ಅದರಲ್ಲಿ ಹೆಚ್ಚು ಸದ್ದು ಮಾಡುವುದು ಮಷೀನೇ.

ಈಗ ನಿಮಗೆ ನಿಜ ಹೇಳುತ್ತೇನೆ. ನಾನು ಹೊಲಿಯುವುದು ಬ್ಯಾಗನ್ನಲ್ಲ. ಕೈಗೆ ಹಾಕುವ ಚರ್ಮದ ಬೇಡಿ, ಕಾಲಿಗೆ ಕಟ್ಟುವ ಪಟ್ಟಿ, ಎದೆಗೂ ಬೆನ್ನಿಗೂ ಸುತ್ತಿ ಬಿಗಿಯುವ ಬಾರುಗಳು. ವಯಸ್ಸಿಗೆ ಬಂದ ಜನ, ತಮ್ಮ ಸ್ವಂತ ಇಷ್ಟದಿಂದ, ಕಟ್ಟಿಸಿಕೊಂಡು ಸಂತೋಷಪಡುವ ಒಂದು ಲೋಕ ಇದೆ. ಅದಕ್ಕೆ ವಿಡಿಯೊಗಳಿವೆ, ವಿಡಿಯೊಗೆ ನಟನಟಿಯರಿದ್ದಾರೆ, ಅವರಿಗೆ ಕಾಂಟ್ರಾಕ್ಟು ಇದೆ, ತಡವಾಗಿ ಬಂದರೆ ಬೈಗುಳವೂ ಇದೆ. ಮೂಗು ಮುರಿಯಬೇಡಿ, ನಾನು ಮುರಿದು ಮುಗಿಸಿದ್ದೇನೆ. ಇಪ್ಪತ್ತು ವರ್ಷ ಕಾರಿನ ಸೀಟು ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದವಳು ನಾನು. ಸೀಟಿನ ಚರ್ಮ, ಅದರ ಹೊಲಿಗೆ, ಬೆಲ್ಟಿನ ಬಕಲ್ ನನ್ನ ವಿಭಾಗ. ಒಮ್ಮೆ ಪ್ರಮೋಷನ್ ಕೇಳಿದಾಗ ಅಲ್ಲಿಯ ಮ್ಯಾನೇಜರು, ನಮ್ಮ ಕಡೆಯವರೇ, ನಗುನಗುತ್ತಾ "ನಿಮ್ಮೆಜಮಾನ್ರೂ ಎಂಜಿನಿಯರ್ ಅಲ್ವೇನ್ರೀ" ಎಂದಿದ್ದರು. ಯಜಮಾನರು ಫೀನಿಕ್ಸಿಗೆ ಹೋದ ವರ್ಷವೇ ಕಂಪನಿ ನಮ್ಮ ವಿಭಾಗವನ್ನು ಮುಚ್ಚಿತು. ಆಗ "ಚರ್ಮದ ಹೊಲಿಗೆ ಬಲ್ಲವರು ಬೇಕು" ಎಂಬ ಜಾಹೀರಾತು ನೋಡಿಕೊಂಡು ಹೋದದ್ದು ಡೆನೀಸಳ ವರ್ಕ್‌ಶಾಪಿಗೆ.

ಡೆನೀಸ್ ಅರವತ್ತರ ಅಜ್ಜಿ. ಎರಡು ತೋಳಿನ ತುಂಬ ಹಚ್ಚೆ, ಮೂಗಿನ ತುದಿಯಲ್ಲಿ ಕನ್ನಡಕ, ಮಾತು ಮಾತ್ರ ಬೆಣ್ಣೆ. ಏನು ಮಾಡುತ್ತೇವೆಂದು ಬಿಡಿಸಿ ಹೇಳಿ, ಒಂದು ಬೇಡಿಯನ್ನು ನನ್ನ ಮುಂದಿಟ್ಟು, "ಮುಜುಗರವಾದರೆ ಈಗಲೇ ಹೇಳು" ಎಂದಳು. ಮುಜುಗರವಾಯಿತು. ಆದರೆ ಬೇಡಿಗಲ್ಲ, ಅದರ ಬಕಲಿಗೆ. ಹಾಕಿಕೊಂಡವರಿಗೆ ತಲೆಸುತ್ತು ಬಂದರೆ ಪಕ್ಕದವರು ಎರಡು ಕೈ ಹಾಕಿ ಒದ್ದಾಡಿದರೂ ಬಿಚ್ಚಿಕೊಳ್ಳುವಂತಿರಲಿಲ್ಲ. "ಇದನ್ನು ಕಾರಿಗೆ ಹಾಕಿದರೆ ನಿಮ್ಮನ್ನು ಜೈಲಿಗೆ ಹಾಕುತ್ತಾರೆ" ಎಂದುಬಿಟ್ಟೆ. ಡೆನೀಸ್ ಅಂದೇ ಕೆಲಸ ಕೊಟ್ಟಳು. ಅಲ್ಲಿಂದ ಮುಂದೆ ಆ ವರ್ಕ್‌ಶಾಪಿಗೆ ಕಾನೂನು ಬರೆದವಳು ನಾನೇ. ಯಾವ ಬಕಲಾದರೂ ಒಂದೇ ಕೈಯಲ್ಲಿ, ಒಂದೇ ಒತ್ತಿಗೆ ಬಿಚ್ಚಬೇಕು. ಪ್ರತಿ ಹೊಲಿಗೆಯನ್ನೂ ಜಗ್ಗಿ ನೋಡಬೇಕು. ಚರ್ಮದ ಅಂಚು ಮೈಗೆ ಕೊರೆಯಬಾರದು. ಪಾಸಾಗದ ಮಾಲಿಗೆ ಕೆಂಪು ಚೀಟಿ ಕಟ್ಟಬೇಕು, ಚೀಟಿಯಲ್ಲಿ ಕಾರಣ ಬರೆಯಬೇಕು, ಹೊಲಿದವರೇ ಅದನ್ನು ಸರಿಮಾಡಬೇಕು, ಕಟ್ಟಿದವರೇ ಚೀಟಿ ಬಿಚ್ಚಬೇಕು. ಈ ಕೊನೆಯ ಸಾಲಿಗೆ ಅಡಿಗೆರೆ ಬೇರೆ ಎಳೆದಿದ್ದೆ. ಇಷ್ಟೆಲ್ಲ ಘನಕಾರ್ಯವನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲವಲ್ಲ ಎಂದು ಮನೆಗೆ ಬಂದು ಒಬ್ಬಳೇ ಸಾರು ಬಿಸಿ ಮಾಡುತ್ತಾ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಆ ಉರಿ ಶಮನವಾದದ್ದು ಶೋಭಾ ಬಂದ ಮೇಲೆ. ಹುಬ್ಬಳ್ಳಿಯ ಹುಡುಗಿ, ಗಂಡ ಇಲ್ಲಿ ಕಾಂಟ್ರಾಕ್ಟ್ ಎಂಜಿನಿಯರು, ಕೈಯಲ್ಲಿ ಹೊಸದಾಗಿ ಬಂದ ವರ್ಕ್ ಪರ್ಮಿಟ್ಟು. ಸಂಘದ ಕಾರ್ಯಕ್ರಮದಲ್ಲಿ ಅವಳು ತಾನೇ ಹೊಲಿದುಕೊಂಡ ರವಿಕೆಯ ಹೊಲಿಗೆ ನೋಡಿ ನಾನು ಮರುಳಾದೆ. ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗಿ, ನಿಜ ವಿಷಯವನ್ನು ಅರ್ಧ ಮಾತ್ರ ಹೇಳಿ, ಸೋಮವಾರ ಬಾ ಎಂದೆ. ಬಂದಳು. ಮೇಜಿನ ಮೇಲೆ ಹರಡಿದ್ದ ಬಾರುಗಳನ್ನು ಎತ್ತಿ ಹಿಂದೆಮುಂದೆ ನೋಡಿದಳು.

"ಅಕ್ಕಾರ, ಇದು ನಮ್ಮೂರಾಗ ಎತ್ತಿಗೆ ಹಾಕತಾರಲ್ರಿ?"

"ಇದು ಮನುಷ್ಯರಿಗೆ, ಶೋಭಾ" ಎಂದು ಉಳಿದರ್ಧವನ್ನು ಹೇಳಿ ಮುಗಿಸಿದೆ. ಓಡಿಹೋಗುತ್ತಾಳೆಂದು ಬಾಗಿಲ ಕಡೆ ನೋಡುತ್ತಿದ್ದೆ.

"ಹೌದ್ರಿ?" ಎಂದಳು. ಒಂದು ಕ್ಷಣ ಯೋಚಿಸಿದಳು. "ಆತು, ಅಳತಿ ಹೇಳ್ರಿ."

ಅವಳ ಸಂಬಳದ ಮಾತನ್ನು ಡೆನೀಸ್ ನನಗೇ ಬಿಟ್ಟಳು, ನಾನದನ್ನು ಎರಡು ನಿಮಿಷದಲ್ಲಿ ಒಂದು ಕಾಗದದ ಮೇಲೆ ಬರೆದು ಮುಗಿಸಿದೆ. ಅಂದಿನಿಂದ ಮಧ್ಯಾಹ್ನ ಹನ್ನೆರಡೂವರೆಗೆ ನನ್ನ ಚಿತ್ರಾನ್ನ, ಅವಳ ರೊಟ್ಟಿ, ಶೇಂಗಾ ಚಟ್ನಿ. ಅವಳು ಗಂಡನಿಗೆ "ಕಾರಿನ ಸೀಟ್ ಕವರ್" ಎಂದು ಹೇಳಿದ್ದಳು. ನನ್ನ ಹಳೆಯ ಕೆಲಸವನ್ನು ಯಾರಾದರೂ ಉಪಯೋಗಿಸಿಕೊಂಡರಲ್ಲ ಎಂದು ನನಗೂ ಸಮಾಧಾನ. ಸಂಘದಲ್ಲಿ ಎದುರಾದರೆ ಮಾತ್ರ ನಾವಿಬ್ಬರೂ ಪರಿಚಯವೇ ಇಲ್ಲದವರಂತೆ ನಡೆದುಕೊಳ್ಳುತ್ತಿದ್ದೆವು. ವಿಮಲಾ ಆಂಟಿ ನಮ್ಮನ್ನು ಮೂರು ಸಲ ಪರಿಚಯ ಮಾಡಿಸಿದ್ದಾರೆ. ಮೂರು ಸಲವೂ ನಾನು "ಯಾವೂರು ನಿಮ್ದು?" ಎಂದು ಕೇಳಿದ್ದೇನೆ, ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಾಳೆ. ಐದು ವರ್ಷದಲ್ಲಿ ನಾನು ಕನ್ನಡದಲ್ಲಿ ಸುಳ್ಳು ಹೇಳದೆ ಮಾತಾಡಿದ್ದು ಅವಳೊಬ್ಬಳ ಜೊತೆಗೆ. ಅದು ಎಷ್ಟು ದೊಡ್ಡ ಸುಖ ಎಂದು ಆಗ ಗೊತ್ತಿರಲಿಲ್ಲ.

ಹೋದ ಮಾರ್ಚಿನಲ್ಲಿ ಶಿಕಾಗೊ ಪಕ್ಕದ ಡೆಸ್ ಪ್ಲೇನ್ಸಿನ ಒಂದು ಹೋಟೆಲಿನಲ್ಲಿ ನಮ್ಮ ವ್ಯಾಪಾರದವರ ಮೇಳ ಇತ್ತು. ಏರ್‌ಪೋರ್ಟಿನ ಪಕ್ಕದ ಹೋಟೆಲು. ತಲೆಯ ಮೇಲೆ ವಿಮಾನ, ಮೇಜಿನ ಮೇಲೆ ಬೇಡಿ. ನಾನು ಮತ್ತು ನಮ್ಮ ಡಿಸೈನರ್ ಕೈಲ್ ಮಳಿಗೆ ಹಾಕಿಕೊಂಡು ನಿಂತಿದ್ದೆವು. ಕೈಲ್ ನನಗಿಂತ ಮೂರು ವರ್ಷ ತಡವಾಗಿ ಸೇರಿದ ಒಳ್ಳೆಯ ಮನುಷ್ಯ. ಚೆಂದ ಚಿತ್ರ ಬರೆಯುತ್ತಾನೆ, ಅದರಂತೆ ಹೊಲಿದದ್ದರಲ್ಲಿ ಅರ್ಧಕ್ಕೆ ನಾನು ಕೆಂಪು ಚೀಟಿ ಕಟ್ಟುತ್ತೇನೆ. ಅಲ್ಲಿಗೆ ಬಂದ ನಟಿಯೊಬ್ಬಳು ನಮ್ಮ ಬಕಲನ್ನು ಒಂದೇ ಕೈಯಲ್ಲಿ ಹತ್ತು ಸಲ ಹಾಕಿ ಬಿಚ್ಚಿ, ಇದನ್ನು ಮಾಡಿದವರು ಯಾರು ಎಂದು ಕೇಳಿದಳು. ನಾನು ಎಂದೆ. "ಇದಿದ್ದರೆ ನಾನು ಹೆದರದೆ ಕೆಲಸ ಮಾಡುತ್ತೇನೆ" ಎಂದು ನನ್ನ ಕೈ ಕುಲುಕಿದಳು. ಇಪ್ಪತ್ತು ವರ್ಷ ಕಾರಿನ ಸೀಟು ಮಾಡಿದ್ದೆ, ಕೂತವರು ಒಬ್ಬರೂ ಹಾಗೆಂದಿರಲಿಲ್ಲ. ಕಣ್ಣು ತುಂಬಿ ಬಂತು. ಅದನ್ನು ಮರೆಸಲು, ನಿಮ್ಮ ಕಸುಬಿನಲ್ಲಿ ಹೆಂಗಸರಿಗೇ ಸಂಬಳ ಹೆಚ್ಚಂತಲ್ಲ ಎಂದು ಕೇಳಿದೆ. ಅವಳು ನಕ್ಕಳು. ಕ್ಯಾಮೆರಾದ ಮುಂದೆ ನಿಂತರೆ ಹೌದು, ಹಿಂದೆ ಹೋದರೆ ಉಲ್ಟಾ. ಮುಂದೆ ನಿಲ್ಲುವುದು ಎಷ್ಟು ವರ್ಷ ಹೇಳು, ಎಂದಳು.

ಆ ಸಂಜೆ ಮಗಳು ಮೇಘನಾ ಊಟಕ್ಕೆ ಕರೆದುಕೊಂಡು ಹೋದಳು. ಅವಳಿಗೆ ನಾನು "ಸೇಫ್ಟಿ ಕಾನ್ಫರೆನ್ಸ್" ಎಂದಿದ್ದೆ, ಅದು ಅಷ್ಟೇನೂ ಸುಳ್ಳಲ್ಲ. "ಹೌ ವಾಸ್ ಇಟ್, ಅಮ್ಮಾ?" ಎಂದಳು. ಚೆನ್ನಾಗಿತ್ತು ಕಣೇ ಎಂದೆ. ಒಬ್ಬಳು ನನ್ನ ಕೈ ಕುಲುಕಿದ್ದನ್ನು ಹೇಳಬೇಕೆಂದು ನಾಲಗೆಯ ತುದಿಗೆ ಬಂದದ್ದನ್ನು ದೋಸೆಯ ಜೊತೆ ನುಂಗಿದೆ.

ಮರುದಿನ ವಾಪಸು ಬರುವಾಗ ಕೈಲ್ ಡ್ರೈವ್ ಮಾಡುತ್ತಿದ್ದ. ಮುನ್ನೂರು ಮೈಲಿ ದಾರಿ, ಎಷ್ಟು ಹೊತ್ತೆಂದು ಹವಾಮಾನದ ಮಾತಾಡುವುದು? ಅರ್ಧ ದಾರಿಯ ಕಲಮಜೂ ಊರು ದಾಟಿದ ಮೇಲೆ ಅವನು ಹೊಸ ಮನೆಯ ಸಾಲದ ಮಾತು ತೆಗೆದ, ಸಾಲದಿಂದ ಸಂಬಳಕ್ಕೆ ಬಂದ. ಗಂಟೆಗೆ ಅವನಿಗೆ ನನಗಿಂತ ಒಂಬತ್ತು ಡಾಲರ್ ಹೆಚ್ಚು! ಅವನು ಅದನ್ನು ಜಂಬದಿಂದಲೂ ಹೇಳಲಿಲ್ಲ. ನನಗೆ ಇನ್ನೂ ಹೆಚ್ಚಿರಬೇಕೆಂದು ಅವನು ತಿಳಿದಿದ್ದ. ನಾನು "ಹೂಂ" ಎಂದು ಕಿಟಕಿಯ ಕಡೆ ತಿರುಗಿ ಮುಂದಿನ ಎಕ್ಸಿಟ್ ಬೋರ್ಡುಗಳನ್ನೆಲ್ಲ ಓದಿಕೊಂಡು ಬಂದೆ.

ಡೆನೀಸಳನ್ನು ಕೇಳುವುದಕ್ಕೆ ನಾನು ಎರಡು ವಾರ ತಾಲೀಮು ಮಾಡಿದೆ. ವರ್ಕ್‌ಶಾಪಿನಲ್ಲಿ ಅಳತೆಗೆ ನಿಲ್ಲಿಸಿರುವ ತಲೆಯಿಲ್ಲದ ಬೊಂಬೆ ಇದೆ. ಅದಕ್ಕೆ ಬೇಡಿ ತೊಡಿಸಿ, ಅದರ ಮುಂದೆ ನಿಂತು, "ಒಂದೇ ಕೆಲಸಕ್ಕೆ ಒಂದೇ ಸಂಬಳ" ಎಂದು ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿದೆ. ಬೊಂಬೆ ಒಪ್ಪಿತು. ಡೆನೀಸ್ ಕನ್ನಡಕ ಸರಿಮಾಡಿಕೊಂಡು, "ಅವನು ಡಿಸೈನರ್, ನೀನು ಹೊಲಿಗೆ" ಎಂದಳು. ಆ ಹೊಲಿಗೆ ಇಲ್ಲದಿದ್ದರೆ ಡಿಸೈನು ಗೋಡೆಗೆ ಅಂಟಿಸುವ ಚಿತ್ರ, ಎಂದೆ. ಅವಳು ನಾಚಿಕೊಂಡೇ ಹೇಳಿದಳು: "ನಿಜ ಹೇಳಲಾ? ಅವನು ಕೇಳಿದ, ಕೊಟ್ಟೆ. ನೀನು ಕೇಳಲಿಲ್ಲ." ವಾರ ಕಳೆದ ಮೇಲೆ ಒಂಬತ್ತಕ್ಕೆ ಒಂಬತ್ತೂ ಬಂತು.

ಗೆದ್ದ ಸುದ್ದಿಯನ್ನು ಹೇಳಲು ನನಗೆ ಇಡೀ ಅಮೆರಿಕದಲ್ಲಿ ಇದ್ದದ್ದು ಒಂದೇ ಕಿವಿ. ಹನ್ನೆರಡೂವರೆಗೆ ಡಬ್ಬಿ ಬಿಚ್ಚುತ್ತಲೇ ಶೋಭಾಳಿಗೆ ಬೊಂಬೆಯಿಂದ ಹಿಡಿದು ಎಲ್ಲವನ್ನೂ ಅಭಿನಯಿಸಿ ತೋರಿಸಿದೆ.

"ಭಾಳ ಛಲೋ ಆತ್ರಿ ಅಕ್ಕಾರ" ಎಂದಳು. ರೊಟ್ಟಿ ಮುರಿದಳು, ಬಾಯಿಗೆ ಹಾಕಿಕೊಳ್ಳಲಿಲ್ಲ. "ಒಂದ ಕೆಲಸಕ್ಕ ಒಂದ ಪಗಾರ ಅಂದ್ರಿ?"

"ಹಾಗೇ ಅಂದೆ. ಮುಖಕ್ಕೆ ಹೊಡೆದ ಹಾಗೆ!"

"ನಾನೂ ಅದ ಬೇಡಿ ಹೊಲೀತೀನಲ್ರಿ. ನೀವು ಸೇರಿದಾಗ ನಿಮಗ ಎಷ್ಟ ಕೊಟ್ಟಿದ್ರು, ನನಗ ಅದರಾಗ ಮುಕ್ಕಾಲು ಅದ. ನನ್ನ ಪಗಾರ ಇಷ್ಟ ಅಂತ ಯಾರು ಹೇಳಿದ್ರಿ?"

ಯಾರ ಹತ್ತಿರ ಬೇಕಾದರೂ ಸುಳ್ಳು ಹೇಳಬಲ್ಲ ಬಾಯಿ ಅವಳ ಹತ್ತಿರ ಹೇಳುವುದನ್ನು ಕಲಿತಿರಲಿಲ್ಲ. "ನಾನೇ" ಎಂದೆ.

"ಯಾಕ್ರಿ ಅಷ್ಟ?"

"ಅದು... ನಿನ್ ಗಂಡ ದುಡೀತಾನಲ್ಲ, ಮನೆ ನಡೆಯುತ್ತಲ್ಲ ಅಂತ..."

ಮಾತು ಬಾಯಿಂದ ಹೊರಬಿದ್ದ ಮೇಲೆ, ಇದನ್ನು ಮೊದಲು ಆ ಸೀಟು ಕಂಪನಿಯ ಮ್ಯಾನೇಜರ ಬಾಯಲ್ಲಿ ಕೇಳಿದ್ದೆ ಎಂದು ನೆನಪಾಯಿತು. ಶೋಭಾ ಜಗಳವಾಡಲಿಲ್ಲ. ಡಬ್ಬಿ ಮುಚ್ಚಿದಳು, "ಹೊಟ್ಟಿ ತುಂಬೇತ್ರಿ" ಎಂದು ತನ್ನ ಮಷೀನಿನ ಕಡೆ ಹೋದಳು. ಮರುದಿನದಿಂದ ಊಟವೂ ಅಲ್ಲೇ.

ಈಗ ಬುದ್ಧಿಯುಳ್ಳ ಮನುಷ್ಯರಾದರೆ ಏನು ಮಾಡುತ್ತಿದ್ದರು? ನೇರವಾಗಿ ಡೆನೀಸಳ ಹತ್ತಿರ ಹೋಗುತ್ತಿದ್ದರು. ನಾನು ಹೋಗಲಿಲ್ಲ. ಕೇಳಿದರೆ ಅವಳು ಶೋಭಾಳ ಸಂಬಳ ಬರೆದ ಆ ಹಳೆಯ ಕಾಗದ ತೆಗೆಯುತ್ತಾಳೆ, ಅದರಲ್ಲಿ ನನ್ನ ಅಕ್ಷರ ಇರುತ್ತದೆ. ಅದರ ಬದಲು ಶನಿವಾರ ಭಾನುವಾರ ಕೂತು ಶೋಭಾಳಿಗೆಂದು ಒಂದು ಕೈಚೀಲ ಹೊಲಿದೆ. ಹಿಂದಿನ ಏಳನ್ನೂ ನಾಚಿಸುವಂಥದ್ದು, ಒಳಗೆ ಮೂರು ಝಿಪ್ಪು. ಸೋಮವಾರ ಅವಳ ಮಷೀನಿನ ಪಕ್ಕ ಇಟ್ಟು, ನನ್ನ ಜಾಗಕ್ಕೆ ಬಂದು ಕೂತೆ.

ಮಂಗಳವಾರ ಬೆಳಿಗ್ಗೆ ಬ್ಯಾಗು ನನ್ನ ಮೇಜಿನ ಮೇಲಿತ್ತು. ಹಿಡಿಗೆ ಕೆಂಪು ಚೀಟಿ. ಹೊಲಿಗೆಯಲ್ಲಿ ತಪ್ಪು ಹುಡುಕಿರಬೇಕೆಂದು ಎಲ್ಲ ಕಡೆ ಜಗ್ಗಿ ನೋಡಿದೆ. ಒಂದು ದಾರವೂ ಅಲುಗಲಿಲ್ಲ. ಆಮೇಲೆ ಚೀಟಿ ಓದಿದೆ. ಕಾರಣ ಬರೆಯುವ ಜಾಗದಲ್ಲಿ, ದುಂಡು ದುಂಡು ಕನ್ನಡ ಅಕ್ಷರದಲ್ಲಿ, "ಗಂಡ ದುಡೀತಾನ" ಎಂದಿತ್ತು.

ಬ್ಯಾಗನ್ನು ಹಾಗೆಯೇ ಹಿಡಿದುಕೊಂಡು ಡೆನೀಸಳ ಕೋಣೆಗೆ ಹೋದೆ. ಅವಳು ಕಾಗದ ತೆಗೆದಳು. ಅಂದುಕೊಂಡಂತೆಯೇ ಅಕ್ಷರ ನನ್ನದೇ. ಅದನ್ನು ಹೊಡೆದುಹಾಕಿ, ಅವಳು ಸೇರಿದ ಮೊದಲ ದಿನದಿಂದಲೇ ಸಂಬಳ ಸರಿಯಾಗಬೇಕು ಎಂದು ಪಕ್ಕದಲ್ಲೇ ಬರೆದೆ. "ನಿನ್ನ ಕ್ರಾಂತಿಗಳನ್ನೆಲ್ಲ ಒಂದೇ ತಿಂಗಳಲ್ಲಿ ಮಾಡಬೇಡ" ಎಂದು ಗೊಣಗುತ್ತಾ ಡೆನೀಸ್ ಸಹಿ ಹಾಕಿದಳು. ಶೋಭಾಳಿಗೆ ಹೇಳಿದೆ. ತಪ್ಪಾಯ್ತು ಕಣಮ್ಮ ಎಂದೂ ಹೇಳಿದೆ. ಅವಳು ತಲೆಯೆತ್ತಿ, ಸಿಟ್ಟೂ ಇಲ್ಲದೆ ನಗುವೂ ಇಲ್ಲದೆ, "ಆತ್ರಿ" ಎಂದು ಮತ್ತೆ ಹೊಲಿಗೆಗೆ ಬಗ್ಗಿದಳು.

ದೀಪಾವಳಿಗೆ ಸಂಘದಲ್ಲಿ ವಿಮಲಾ ಆಂಟಿ ನಾಲ್ಕನೆಯ ಸಲ ನಮ್ಮಿಬ್ಬರನ್ನು ಪರಿಚಯ ಮಾಡಿಸಿದರು. "ಯಾವೂರು ನಿಮ್ದು?" ಎಂದೆ. "ಹುಬ್ಬಳ್ಳಿರಿ" ಎಂದಳು. ಸೆರಗು ಹೆಗಲ ಮೇಲೇ ಇತ್ತು. ಮೂರು ಸಲ ಚೆನ್ನಾಗಿ ನಟಿಸಿದ್ದ ನಮಗೆ ಈ ಸಲ ನಟಿಸುವ ತೊಂದರೆಯೇ ಬರಲಿಲ್ಲ.

ಬ್ಯಾಗು ಈಗ ವರ್ಕ್‌ಶಾಪಿನಲ್ಲಿ ನನ್ನ ಮಷೀನಿನ ಪಕ್ಕದ ಮೊಳೆಗೆ ನೇತಾಡುತ್ತಿದೆ. ಹೋದ ವಾರ ಕೈಲ್ ನೋಡಿ, ಸಂಬಳ ಸರಿಯಾಯಿತಲ್ಲ, ಆ ಚೀಟಿಯನ್ನು ಕತ್ತರಿಸಿ ಬಿಸಾಡಬಾರದೇ ಎಂದು ಕತ್ತರಿ ಚಾಚಿದ. ಬೇಡ ಎಂದೆ. ಕಟ್ಟಿದವರೇ ಬಿಚ್ಚಬೇಕು. ನಿಯಮ ಎದುರಿನ ಗೋಡೆಯ ಮೇಲೇ ಇದೆ, ನನ್ನದೇ ಅಕ್ಷರದಲ್ಲಿ, ಅಡಿಗೆರೆ ಸಮೇತ. ಹನ್ನೆರಡೂವರೆಗೆ ಡಬ್ಬಿ ಬಿಚ್ಚಿದಾಗಲೆಲ್ಲ ಕಣ್ಣು ಆ ಚೀಟಿಗೇ ಹೋಗುತ್ತದೆ. ಚಿತ್ರಾನ್ನ ಮಾತ್ರ ಇನ್ನೂ ಇಬ್ಬರಿಗಾಗುವಷ್ಟೇ ತರುತ್ತಿದ್ದೇನೆ.